ಹೊಸ ಬಾತ್ಮೀದಾರನ ಪಾಠಗಳು ಮತ್ತು ಚರಿತ್ರಕಾರನು

ಪ್ರಾದೇಶಿಕ ಚರಿತ್ರೆಯನ್ನು ಬರೆಯಹೊರಟವರಿಗೆ ಹಳೆಯ ವೃತ್ತಪತ್ರಿಕೆಗಳು ಬಹು ಬೆಲೆಯುಳ್ಳ ಆಕರಗಳು. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗನು ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಮೊದಲುಗೊಂಡು ನಮ್ಮ ನಾಡಿನ ಪತ್ರಿಕೆಗಳಲ್ಲಿ, ಸರಕಾರಿ ದಫ್ತರಗಳಲ್ಲಿ ದೊರೆಯದ ಎಷ್ಟೋ ಸಂಗತಿಗಳು ದೊರೆಯುತ್ತವೆ. ಆದರೆ ಶಾಸನವನ್ನು ಓದುವಾಗ ಬರೆಯಿಸಿದವನು ಯಾರು, ಕಂಡರಿಸಿದವನು ಯಾರು ಎಂದು ವಿಚಾರಿಸುವ ನಾವು, ಪತ್ರಿಕೆಯ ಹತ್ತು ಸಾಲಿನ ಸ್ಥಳೀಯ ಸುದ್ದಿಯನ್ನು ಓದುವಾಗ ಅದನ್ನು ಬರೆದ ಬಾತ್ಮೀದಾರನನ್ನು ಕುರಿತು ವಿಚಾರಿಸುವುದು ವಿರಳ. ಆತನು ಬಹುಮಟ್ಟಿಗೆ ಅನಾಮಧೇಯನು. ಅನೇಕ ವೇಳೆ ಕೆಲಸಕ್ಕೆ ಹೊಸಬನು. ಅಂತಹ ಹೊಸಬನೊಬ್ಬನು ಕಲಿತ ಪಾಠಗಳು ತಕ್ಕಮಟ್ಟಿಗೆ ದಾಖಲೆಯಾಗಿ ಉಳಿದಿರುವ ಒಂದು ನಿದರ್ಶನವನ್ನು ಇಲ್ಲಿ ಪರಿಶೀಲಿಸುವೆವು. ಆತನು ಮುಂದೆ ಮಾರ್ಕ್ ಟ್ವೇನ್ ಎಂಬ ಹೆಸರಿನಿಂದ ಜಗದ್ವಿಖ್ಯಾತನಾದ ಅಮೆರಿಕದ ಸ್ಯಾಮ್ಯುಯೆಲ್ ಕ್ಲೆಮೆನ್ಸನು.

೧೮೫೯ರಲ್ಲಿ ನೆವಾಡ ಪ್ರದೇಶದಲ್ಲಿ ಬೆಳ್ಳಿಯ ಅದಿರು ದೊರೆತ ಮೇಲೆ ವರ್ಜೀನಿಯಾ ಸಿಟಿ ಎಂಬ ಗಣಿಯೂರು ತಲೆಯೆತ್ತಿತು. ಗಣಿಯ ಉದ್ಯಮದಲ್ಲಿ ಕೈಸೋತಿದ್ದ ಕ್ಲೆಮೆನ್ಸನು ೧೮೬೨ರ ಸೆಪ್ಟೆಂಬರಿನಲ್ಲಿ, ತನ್ನ ೨೬ನೆಯ ವಯಸ್ಸಿನಲ್ಲಿ, ಅಲ್ಲಿಯ ‘ಟೆರಿಟೋರಿಯಲ್ ಎಂಟರ್‌ಪ್ರೈಸ್’ ಪತ್ರಿಕೆಯಲ್ಲಿ ವಾರಕ್ಕೆ ೨೫ ಡಾಲರುಗಳ ಸಂಬಳಕ್ಕೆ ಸ್ಥಳೀಯ ವರದಿಗಾರನಾದನು. ಸಂಪಾದಕನಾದ ಜೋಸೆಫ್ ಗುಡ್‌ಮನ್ನನು ಆತನಿಗೆ ಕೊಟ್ಟ ಉಪದೇಶವು ಸರಳವಾದುದು. ‘ಹೀಗೆಂದು ತಿಳಿದುಬರುತ್ತದೆ’, ‘ಹೀಗೆಂದು ಜನರು ಹೇಳುತ್ತಾರೆ’ ಎಂದು ಬರೆಯಲಾಗದು. ಮೂಲಸ್ಥಾನಕ್ಕೇ ಹೋಗಿ ನಿಜವನ್ನು ತಿಳಿದು ಖಂಡಿತವಾಗಿ ಬರೆಯಬೇಕು. ಓದುಗರ ವಿಶ್ವಾಸಕ್ಕೆ ಬೇರೆ ದಾರಿಯಿಲ್ಲ ಎಂಬುದು ಅದರ ತಾತ್ಪರ್ಯ.

ಆದರೆ ಮೊದಲನೆಯ ದಿನವೇ ಊರೆಲ್ಲ ಅಲೆದರೂ ಸುದ್ದಿ ಸಿಕ್ಕಲಿಲ್ಲ. ಹಳ್ಳಿಯ ಕಡೆಯಿಂದ ಒಂದು ಹುಲ್ಲಿನ ಬಂಡಿ ಬಂದಿತ್ತು. ಹೊಸ ವರದಿಗಾರನು ಅದನ್ನು ಹದಿನಾರರಿಂದ ಗುಣಿಸಿ, ಹದಿನಾರು ದಿಕ್ಕುಗಳಿಂದ ಊರೊಳಕ್ಕೆ ತಂದು, ಹದಿನಾರು ಸುದ್ದಿಗಳನ್ನು ಮಾಡಿದನಂತೆ. ಈ ವೃತ್ತಾಂತವು ನಮಗೆ ದೊರೆಯುವುದು ಆತನೇ ೧೮೭೨ರಲ್ಲಿ ಪ್ರಕಟಿಸಿದ ‘ರಫಿಂಗ್ ಇಟ್’ ಎಂಬ ಗ್ರಂಥದಿಂದ. ಹತ್ತು ವರ್ಷಗಳ ತರುವಾಯ ಬರೆದ ಹಾಸ್ಯಗ್ರಂಥವಾದುದರಿಂದ ಹದಿನಾರೆಂಬ ಲೆಕ್ಕವನ್ನು ನಾವು ನಂಬಬೇಕಾಗಿಲ್ಲ. ಆದರೆ ಸುದ್ದಿ ಇರಲಿ ಇಲ್ಲದಿರಲಿ, ದಿನದಿನವೂ ನಿಯತವಾದ ಅಂಕಣಗಳು ತುಂಬಲೇಬೇಕು ಎಂಬ ಒತ್ತಡವು ನಂಬತಕ್ಕದ್ದೇ. ಸಂಪಾದಕನ ಉಪದೇಶವೂ ಅಂಕಣದ ಹಸಿವೂ ಒಂದೇ ಮೇಜಿನ ಮೇಲೆ ಇದ್ದುವು.

ಎರಡನೆಯ ಪಾಠವು ಹೆಚ್ಚು ಕಠಿನವಾದುದು. ೧೮೬೩ರ ಅಕ್ಟೋಬರ್ ೨೮ರಂದು ಆತನು, ಒಬ್ಬ ಮನುಷ್ಯನು ಹೆಂಡತಿಮಕ್ಕಳನ್ನು ಕೊಂದು, ಕಿವಿಯಿಂದ ಕಿವಿಯವರೆಗೆ ಕೊರಳು ಕೊಯ್ದಿದ್ದರೂ ಕುದುರೆಯೇರಿ ಕಾರ್ಸನ್ ಪಟ್ಟಣಕ್ಕೆ ಬಂದು ಸತ್ತನೆಂದು ವರದಿ ಮಾಡಿದನು. ಸಂಗತಿಯು ಶುದ್ಧ ಕಟ್ಟುಕಥೆ. ಸುಳ್ಳು ಲಾಭಾಂಶವನ್ನು ತೋರಿಸಿ ಷೇರುದಾರರನ್ನು ಮೋಸಗೊಳಿಸುತ್ತಿದ್ದ ಕಂಪನಿಗಳನ್ನು ಬಯಲಿಗೆಳೆಯುವುದು ಆತನ ಉದ್ದೇಶವಾಗಿತ್ತು. ಕೊಲೆಗಾರನು ಹುಚ್ಚನಾದುದಕ್ಕೆ ಅಂತಹ ನಷ್ಟವೇ ಕಾರಣವೆಂದು ಬರೆದಿದ್ದನು. ಮರವೇ ಇಲ್ಲದ ಕಡೆ ಪೈನ್ ಮರಗಳ ಕಾಡನ್ನು ಇಟ್ಟು, ಕಥೆ ಸುಳ್ಳೆಂಬ ಸೂಚನೆಯನ್ನೂ ಕೊಟ್ಟಿದ್ದನು. ಓದುಗರು ಸೂಚನೆಯನ್ನೂ ಗಮನಿಸಲಿಲ್ಲ, ಲಾಭಾಂಶದ ಮಾತನ್ನೂ ಗಮನಿಸಲಿಲ್ಲ. ರಕ್ತವನ್ನು ಮಾತ್ರ ಕಂಡರು. ನೆರೆಯ ಕ್ಯಾಲಿಫೋರ್ನಿಯದ ಪತ್ರಿಕೆಗಳು ಅದನ್ನು ನಿಜವೆಂದೇ ಮರುಮುದ್ರಿಸಿದುವು. ಮರುದಿನವೇ ಆತನು ಬರೆದುದನ್ನು ಹಿಂದಕ್ಕೆ ತೆಗೆದುಕೊಂಡರೂ ಇತರ ಪತ್ರಿಕೆಗಳ ಕೋಪವು ಬೇಗ ತಣಿಯಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ವರ್ಷಗಳ ‘ಎಂಟರ್‌ಪ್ರೈಸ್’ ಸಂಚಿಕೆಗಳ ಪೂರ್ಣ ಸಂಗ್ರಹವು ಇಂದು ಎಲ್ಲಿಯೂ ಉಳಿದಿಲ್ಲ. ವರ್ಜೀನಿಯಾ ಸಿಟಿಯ ಬಹುಭಾಗವು ೧೮೭೫ರ ಅಕ್ಟೋಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಮೇಲ್ಕಂಡ ಕಥೆಯು ನಮಗೆ ಉಳಿದು ಬಂದಿರುವುದು ಅನ್ಯಪತ್ರಿಕೆಗಳ ಮರುಮುದ್ರಣದಿಂದ. ಆತನು ಸಾವಧಾನವಾಗಿ ವಿಚಾರಿಸಿ ಬರೆದ ದೈನಂದಿನ ಸುದ್ದಿಗಳನ್ನು ಮರುಮುದ್ರಿಸುವವರು ವಿರಳವಾದುದರಿಂದ ಅವು ಬಹುಪಾಲು ನಷ್ಟವಾದುವು. ಆದುದರಿಂದ ಒಂದು ಸುದ್ದಿ ಹಲವು ಪತ್ರಿಕೆಗಳಲ್ಲಿ ದೊರೆಯಿತೆಂಬ ಮಾತ್ರಕ್ಕೆ ಅದಕ್ಕೆ ಹಲವು ಸಾಕ್ಷಿಗಳಿದ್ದರೆಂದು ಎಣಿಸಲಾಗದು.

೧೮೬೪ರ ಮೇ ತಿಂಗಳಲ್ಲಿ ಆತನು ನೆವಾಡವನ್ನು ಬಿಟ್ಟು ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಹೋಗಿ, ‘ಮಾರ್ನಿಂಗ್ ಕಾಲ್’ ಪತ್ರಿಕೆಯಲ್ಲಿ ಸುಮಾರು ನಾಲ್ಕು ತಿಂಗಳು ದುಡಿದನು. ಬೆಳಗ್ಗೆ ಪೋಲೀಸು ನ್ಯಾಯಾಲಯ, ರಾತ್ರಿ ನಾಟಕಶಾಲೆಗಳು. ಆ ಅವಧಿಯಲ್ಲಿ ಕಂಡುದೊಂದನ್ನು ಆತನು ೧೮೭೦ರಲ್ಲಿ ಒಂದು ಮಾಸಪತ್ರಿಕೆಯಲ್ಲಿಯೂ ೧೯೦೬ರಲ್ಲಿ ಹೇಳಿ ಬರೆಯಿಸಿದ ಆತ್ಮಕಥೆಯಲ್ಲಿಯೂ ಸ್ಮರಿಸಿದ್ದಾನೆ. ಮೊದಲನೆಯದರಲ್ಲಿ, ಬಟ್ಟೆಯ ಬುಟ್ಟಿಯನ್ನು ಹೊತ್ತು ಹೋಗುತ್ತಿದ್ದ ಚೀನೀಯನೊಬ್ಬನ ಮೇಲೆ ಕಟುಕರು ನಾಯಿಗಳನ್ನು ಬಿಟ್ಟರೆಂದಿದೆ. ಎರಡನೆಯದರಲ್ಲಿ, ಅಗಸನಾದ ಚೀನೀಯನಿಗೆ ಪುಂಡರು ಕಲ್ಲು ಹೊಡೆಯುತ್ತಿರಲು ಪೋಲೀಸಿನವನು ವಿನೋದದಿಂದ ನೋಡುತ್ತ ನಿಂತಿದ್ದನೆಂದಿದೆ. ವಿವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಚಂದಾದಾರರಿಗೆ ಅಪ್ರಿಯವಾದೀತೆಂಬ ಕಾರಣದಿಂದ ವರದಿಯು ಅಚ್ಚಾಗಲಿಲ್ಲ ಎಂಬಲ್ಲಿ ಎರಡಕ್ಕೂ ಒಮ್ಮತವಿದೆ. ಇದು ಮೂರನೆಯ ಪಾಠ.

ಈ ಮೂರನೆಯದೇ ನಮಗೆ ಮುಖ್ಯವಾದುದು. ಅಚ್ಚಾದ ಸುಳ್ಳನ್ನು ಬೇರೆ ಆಧಾರಗಳೊಡನೆ ಒರೆಹಚ್ಚಿ ನೋಡಬಹುದು. ಅಚ್ಚಾಗದ ನಿಜವು ಒರೆಗಲ್ಲಿಗೇ ಬರುವುದಿಲ್ಲ. ಅಂದು ಪೆಟ್ಟು ತಿಂದವನ ಹೆಸರು ಎರಡು ಸ್ಮರಣೆಗಳಲ್ಲಿಯೂ ಇಲ್ಲ. ವರದಿಗಾರನು ಮುಂದೆ ಪ್ರಸಿದ್ಧನಾಗದೆ ಹೋಗಿದ್ದರೆ ಆ ಪೆಟ್ಟಿನ ಸುದ್ದಿಯೂ ನಮಗೆ ತಲಪುತ್ತಿರಲಿಲ್ಲ. ನಮ್ಮ ಜಿಲ್ಲೆಗಳ ಹಳೆಯ ಪತ್ರಿಕೆಗಳನ್ನು ಶೋಧಿಸುವ ವಿದ್ಯಾರ್ಥಿಗಳು, ‘ಆ ವರ್ಷ ಊರು ಶಾಂತವಾಗಿತ್ತು’ ಎಂದು ಬರೆಯುವುದಕ್ಕೆ ಮೊದಲು, ಆ ಪತ್ರಿಕೆಗೆ ಚಂದಾ ಕೊಡುತ್ತಿದ್ದವರು ಯಾರು, ಅದನ್ನು ಓದಲಾರದೆ ಇದ್ದವರು ಯಾರು ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.