ಪಾಲುದಾರರೆಲ್ಲರ ಒಪ್ಪಿಗೆ: ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಪರವಾನಗಿ ಬದಲಾದ ಬಗೆ

ಓಪನ್‌ಎಸ್‌ಎಸ್‌ಎಲ್ ಅಂತರಜಾಲದಲ್ಲಿ ಹರಿದಾಡುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಕಾಪಾಡುವ ಮುಕ್ತ ತಂತ್ರಾಂಶ ಲೈಬ್ರರಿ. ಪಾಸ್‌ವರ್ಡ್, ಬ್ಯಾಂಕ್ ಖಾತೆಯ ವಿವರ, ಖಾಸಗಿ ಪತ್ರ ಇವೆಲ್ಲ ದಾರಿಯಲ್ಲಿ ಪರರ ಕಣ್ಣಿಗೆ ಬೀಳದಂತೆ ಜಗತ್ತಿನ ಅಸಂಖ್ಯ ಸರ್ವರ್‌ಗಳು ಇದನ್ನು ಬಳಸುತ್ತವೆ. 1998ರ ಡಿಸೆಂಬರ್‌ನಲ್ಲಿ ಆರಂಭವಾದ ಈ ಲೈಬ್ರರಿಯ ಪರವಾನಗಿಯನ್ನು ಬದಲಿಸುವ ಉದ್ದೇಶವನ್ನು ಅದರ ತಂಡ ಪ್ರಕಟಿಸಿದ್ದು 2015ರ ಆಗಸ್ಟ್‌ನಲ್ಲಿ. ಹೊಸ ಪರವಾನಗಿಯಡಿ ಮೊದಲ ಆವೃತ್ತಿ ಬಳಕೆದಾರರ ಕೈಸೇರಿದ್ದು 2021ರ ಸೆಪ್ಟೆಂಬರ್ 7ರಂದು. ನಡುವೆ ಆರು ವರ್ಷ ಕಳೆದವು; ಸುಮಾರು ನಾನೂರು ಜನರ ಒಪ್ಪಿಗೆ ಕೇಳಬೇಕಾಯಿತು. ಅನೇಕರು ಸೇರಿ ಕಟ್ಟಿದ ತಂತ್ರಾಂಶದಲ್ಲಿ ಹಕ್ಕು ಯಾರದು, ಒಪ್ಪಿಗೆ ಎಂದರೇನು, ಮೌನವನ್ನು ಸಮ್ಮತಿ ಎಂದು ಎಣಿಸಬಹುದೇ ಎಂಬ ಪ್ರಶ್ನೆಗಳನ್ನು ಈ ಚರಿತ್ರೆ ಒಂದೊಂದಾಗಿ ಮುಂದಿಡುತ್ತದೆ.

ಹಕ್ಕು ಹುಟ್ಟುವ ಬಗೆ

ಮುಕ್ತ ತಂತ್ರಾಂಶಕ್ಕೆ ಒಡೆಯರಿಲ್ಲ ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದಕ್ಕೆ ಒಡೆಯರು ಇದ್ದಾರೆ, ಬಹಳ ಮಂದಿ ಇದ್ದಾರೆ. ಬರ್ನ್ ಒಪ್ಪಂದವನ್ನು ಒಪ್ಪಿದ ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ; ಬರೆದ ಗಳಿಗೆಯಲ್ಲೇ ಬರೆದವರಿಗೆ ಹಕ್ಕು ಬರುತ್ತದೆ. ದೂರದ ಊರಿನ ಪ್ರೋಗ್ರಾಮರ್ ಒಬ್ಬರು ಒಂದು ದೋಷ ತಿದ್ದಿ ನೂರು ಸಾಲಿನ ಪ್ಯಾಚ್ ಕಳಿಸಿದರೆ, ಯೋಜನೆ ಅದನ್ನು ಸೇರಿಸಿಕೊಂಡ ಮೇಲೂ ಆ ನೂರು ಸಾಲಿನ ಹಕ್ಕು ಅವರದೇ. ಅವರು ಯೋಜನೆಗೆ ಕೊಟ್ಟಿರುವುದು ಆಗ ಜಾರಿಯಲ್ಲಿದ್ದ ಪರವಾನಗಿಯ ಷರತ್ತಿನಂತೆ ಬಳಸುವ ಅನುಮತಿಯನ್ನು ಮಾತ್ರ. ಷರತ್ತು ಬದಲಾಗಬೇಕಾದರೆ ಅವರನ್ನೇ ಕೇಳಬೇಕು.

ಕರ್ನಾಟಕದ ಹಳ್ಳಿಗಳಲ್ಲಿ ಪೋಡಿಯಾಗದ ಪಿತ್ರಾರ್ಜಿತ ಜಮೀನಿನ ವ್ಯವಹಾರ ಬಲ್ಲವರಿಗೆ ಈ ಸ್ಥಿತಿ ಹೊಸದಲ್ಲ. ಊರು ಬಿಟ್ಟು ಹೋದ ತಮ್ಮ, ಮದುವೆಯಾಗಿ ಹೋದ ಅಕ್ಕ, ತೀರಿಕೊಂಡ ಅಣ್ಣನ ಮಕ್ಕಳು, ಎಲ್ಲರ ಸಹಿ ಬಿದ್ದ ಮೇಲೆಯೇ ಪತ್ರ ನೋಂದಣಿಯಾಗುತ್ತದೆ. ತಂತ್ರಾಂಶದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಜಮೀನನ್ನು ಅಳೆದು ಗಡಿಕಲ್ಲು ನೆಡಬಹುದು. ಕೋಡಿನಲ್ಲಿ ಒಬ್ಬರ ಸಾಲಿನ ಮೇಲೆ ಇನ್ನೊಬ್ಬರು ಬರೆದಿರುತ್ತಾರೆ, ಮೂರನೆಯವರು ಅದನ್ನು ತಿದ್ದಿರುತ್ತಾರೆ.

ಬ್ರಿಸ್ಬೇನ್‌ನಿಂದ ಬಂದ ಷರತ್ತು

ಓಪನ್‌ಎಸ್‌ಎಸ್‌ಎಲ್‌ನ ಮೂಲ ಎಸ್‌ಎಸ್‌ಎಲ್‌ಇಎವೈ ಎಂಬ ಲೈಬ್ರರಿ. ಆಸ್ಟ್ರೇಲಿಯಾದ ಎರಿಕ್ ಯಂಗ್ 1995ರ ಸುಮಾರಿಗೆ ಬ್ರಿಸ್ಬೇನ್‌ನಲ್ಲಿ ಇದನ್ನು ಬರೆದರು. ಟಿಮ್ ಹಡ್ಸನ್ ಜೊತೆಗೂಡಿದರು. ಹೆಸರಿನ ಕೊನೆಯ ಮೂರು ಅಕ್ಷರಗಳು ಯಂಗ್ ಅವರ ಹೆಸರಿನ ಮೊದಲಕ್ಷರಗಳೇ. 1998ರ ಕೊನೆಯಲ್ಲಿ ಇಬ್ಬರೂ ಈ ಕೆಲಸ ಬಿಟ್ಟು ಆರ್‌ಎಸ್‌ಎ ಕಂಪನಿಗೆ ಹೋದಾಗ ಮಾರ್ಕ್ ಕಾಕ್ಸ್, ರಾಲ್ಫ್ ಎಂಗೆಲ್‌ಶಾಲ್, ಸ್ಟೀಫನ್ ಹೆನ್ಸನ್, ಬೆನ್ ಲಾರಿ, ಪಾಲ್ ಸಟ್ಟನ್ ಸೇರಿ ಅದನ್ನು ಓಪನ್‌ಎಸ್‌ಎಸ್‌ಎಲ್ ಹೆಸರಿನಲ್ಲಿ ಮುಂದುವರಿಸಿದರು.

ಕೋಡಿನ ಜೊತೆಗೆ ಪರವಾನಗಿಯೂ ಬಂತು. ಹಳೆಯ ಭಾಗಕ್ಕೆ ಯಂಗ್ ಅವರ ಷರತ್ತು, ಹೊಸ ಭಾಗಕ್ಕೆ ಓಪನ್‌ಎಸ್‌ಎಸ್‌ಎಲ್‌ನ ಷರತ್ತು. ಬಳಸುವವರು ಎರಡನ್ನೂ ಪಾಲಿಸಬೇಕಿತ್ತು. ಎರಡರಲ್ಲೂ ಬರ್ಕ್ಲಿಯ ಬಿಎಸ್‌ಡಿ ಪರವಾನಗಿಯಿಂದ ಇಳಿದುಬಂದ ಜಾಹೀರಾತು ಷರತ್ತು ಇತ್ತು: ಈ ತಂತ್ರಾಂಶದ ಗುಣವನ್ನು ಹೆಸರಿಸುವ ಪ್ರತಿ ಜಾಹೀರಾತಿನಲ್ಲೂ ಕರ್ತೃಗಳ ಉಲ್ಲೇಖ ಇರತಕ್ಕದ್ದು. ಕರ್ತೃ ಒಬ್ಬರೇ ಆದರೆ ಇದು ಭಾರವಲ್ಲ. ಆದರೆ ಇದನ್ನು ನಕಲು ಮಾಡಿದವರೆಲ್ಲ ತಮ್ಮ ಹೆಸರನ್ನೇ ಸೇರಿಸುತ್ತ ಹೋದರು. 1997ರ ನೆಟ್‌ಬಿಎಸ್‌ಡಿಯ ಒಂದು ಆವೃತ್ತಿಯಲ್ಲಿ ಇಂಥ 75 ಉಲ್ಲೇಖಗಳನ್ನು ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಎಣಿಸಿದ್ದರು.

ಮುಕ್ತ ತಂತ್ರಾಂಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಿಎಲ್ ಪರವಾನಗಿ ತನ್ನ ಷರತ್ತುಗಳ ಮೇಲೆ ಬೇರೆ ನಿರ್ಬಂಧ ಹೇರಲು ಬಿಡುವುದಿಲ್ಲ. ಹಾಗಾಗಿ ಜಾಹೀರಾತು ಷರತ್ತಿರುವ ಲೈಬ್ರರಿಯನ್ನು ಜಿಪಿಎಲ್ ತಂತ್ರಾಂಶದೊಡನೆ ಕೂಡಿಸಿ ಹಂಚುವುದು ಪರವಾನಗಿಯ ಉಲ್ಲಂಘನೆಯಾಗುತ್ತದೆ ಎಂದು ಡೆಬಿಯನ್‌ನಂಥ ಯೋಜನೆಗಳು ಪರಿಗಣಿಸಿದವು. ಅನೇಕ ಜಿಪಿಎಲ್ ಯೋಜನೆಗಳು ಓಪನ್‌ಎಸ್‌ಎಸ್‌ಎಲ್‌ಗಾಗಿಯೇ ವಿಶೇಷ ವಿನಾಯಿತಿಯ ವಾಕ್ಯ ಸೇರಿಸಿಕೊಂಡವು. ಇನ್ನು ಕೆಲವು ಗ್ನುಟಿಎಲ್‌ಎಸ್ ಎಂಬ ಬೇರೆ ಲೈಬ್ರರಿಗೆ ಮೊರೆಹೋದವು.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಜಾಹೀರಾತು ಷರತ್ತನ್ನು 1999ರ ಜುಲೈ 22ರಂದು ಒಂದೇ ಪತ್ರದಲ್ಲಿ ರದ್ದುಪಡಿಸಿತು. ಹಕ್ಕುದಾರ ಒಬ್ಬನೇ ಆಗಿದ್ದರಿಂದ ಅದು ಸಾಧ್ಯವಾಯಿತು. ಓಪನ್‌ಎಸ್‌ಎಸ್‌ಎಲ್‌ಗೆ ಆ ಸೌಲಭ್ಯ ಇರಲಿಲ್ಲ. ಅದರಲ್ಲೂ ಯಂಗ್ ಅವರ ಪರವಾನಗಿಯ ಕೊನೆಯಲ್ಲಿ ಇನ್ನೊಂದು ಮಾತಿತ್ತು: ಈ ಕೋಡಿನ ಹಂಚಿಕೆಯ ಷರತ್ತನ್ನು ಬದಲಿಸುವಂತಿಲ್ಲ, ಜಿಪಿಎಲ್ ಸೇರಿದಂತೆ ಬೇರಾವ ಪರವಾನಗಿಯಡಿಗೂ ಇದನ್ನು ತರುವಂತಿಲ್ಲ. ಇಂಥ ಮಾತು ಕಟ್ಟುವುದು ಬಳಕೆದಾರರ ಕೈಗಳನ್ನು. ಬರೆದವರು ತಾವೇ ಮನಸ್ಸು ಬದಲಿಸಿ ಹೊಸ ಅನುಮತಿ ಕೊಡುವುದಕ್ಕೆ ಅದು ಅಡ್ಡಿಯಲ್ಲ.

ದೋಷ ತೆರೆದ ಬಾಗಿಲು

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಸರ್ವರ್‌ನ ಸ್ಮೃತಿಯಲ್ಲಿರುವ ಗುಟ್ಟುಗಳನ್ನು ಹೊರಗಿನವರು ಓದಿಕೊಳ್ಳಬಹುದಾಗಿದ್ದ ಈ ದೋಷ, ಜಗತ್ತೇ ನೆಚ್ಚಿಕೊಂಡ ಲೈಬ್ರರಿಯನ್ನು ಬೆರಳೆಣಿಕೆಯ ಜನ ಅಲ್ಪ ಹಣದಲ್ಲಿ ನಡೆಸುತ್ತಿದ್ದಾರೆ ಎಂಬ ಸತ್ಯವನ್ನೂ ಬಯಲಿಗಿಟ್ಟಿತು. ಓಪನ್‌ಬಿಎಸ್‌ಡಿ ತಂಡ ಕೋಡನ್ನು ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಕಟ್ಟಿತು. ಗೂಗಲ್ ಬೋರಿಂಗ್‌ಎಸ್‌ಎಸ್‌ಎಲ್ ಕಟ್ಟಿತು. ಲಿನಕ್ಸ್ ಫೌಂಡೇಶನ್ ಆರಂಭಿಸಿದ ಕೋರ್ ಇನ್‌ಫ್ರಾಸ್ಟ್ರಕ್ಚರ್ ಇನಿಶಿಯೇಟಿವ್ ಓಪನ್‌ಎಸ್‌ಎಸ್‌ಎಲ್‌ಗೆ ಹಣ ಒದಗಿಸಿತು. ತಂಡ ಬೆಳೆಯಿತು, ಟಿಮ್ ಹಡ್ಸನ್ ಅದರೊಳಗೆ ಮರಳಿ ಬಂದರು, ಬಹುಕಾಲ ಮುಂದೂಡಿದ್ದ ಪರವಾನಗಿಯ ಕೆಲಸಕ್ಕೆ ಕೈಹಚ್ಚಲು ಅನುಕೂಲವಾಯಿತು.

ಆಯ್ದುಕೊಂಡದ್ದು 2004ರಲ್ಲಿ ಬಂದ ಅಪಾಚೆ ಪರವಾನಗಿ 2.0. ಇದರಲ್ಲಿ ಜಾಹೀರಾತು ಷರತ್ತಿಲ್ಲ. ಕೊಡುಗೆ ಕೊಟ್ಟವರು ಅದಕ್ಕೆ ಸಂಬಂಧಿಸಿದ ತಮ್ಮ ಪೇಟೆಂಟ್‌ಗಳನ್ನು ಬಳಸುವ ಅನುಮತಿಯನ್ನೂ ಕೊಡುತ್ತಾರೆ. 2007ರ ಜಿಪಿಎಲ್ ಮೂರನೆಯ ಆವೃತ್ತಿಯೊಡನೆ ಇದು ಹೊಂದುತ್ತದೆ. ಎರಡನೆಯ ಆವೃತ್ತಿಗೆ ಮಾತ್ರ ಕಟ್ಟುಬಿದ್ದ ತಂತ್ರಾಂಶಗಳ ಸಮಸ್ಯೆಯಾದರೋ ಇದರಿಂದಲೂ ಪೂರ್ತಿ ತೀರಲಿಲ್ಲ.

ಹೆಸರು ಹುಡುಕುವ ಕೆಲಸ

ಮೊದಲ ಹೆಜ್ಜೆ ಮುಂದಿನ ಬಾಗಿಲನ್ನು ಭದ್ರಪಡಿಸುವುದಾಗಿತ್ತು. 2015ರ ಪ್ರಕಟಣೆಯಲ್ಲೇ ಕೊಡುಗೆದಾರರ ಒಪ್ಪಂದಪತ್ರದ ವಿಚಾರವೂ ಬಂತು. ಹೊಸದಾಗಿ ಕೋಡ್ ಕೊಡುವವರು ಸಹಿ ಮಾಡಿದ ಪತ್ರ ಕಳಿಸಬೇಕು. ಉದ್ಯೋಗದಲ್ಲಿರುವವರ ಹಕ್ಕು ಸಂಸ್ಥೆಯದಾಗಿದ್ದರೆ ಸಂಸ್ಥೆಯ ಪತ್ರವೂ ಬೇಕು. ಕಾಗುಣಿತದ ತಿದ್ದುಪಡಿಯಂಥ ಸಣ್ಣ ಬದಲಾವಣೆಗೆ ಪತ್ರ ಬೇಡ, ಬದಲಾವಣೆಯ ಜೊತೆಗಿನ ಕಮಿಟ್ ಸಂದೇಶದಲ್ಲಿ ‘ಸಿಎಲ್ಎ: ಟ್ರಿವಿಯಲ್’ (ಒಪ್ಪಂದಪತ್ರ: ಕ್ಷುಲ್ಲಕ) ಎಂಬ ಸಾಲು ಇದ್ದರೆ ಸಾಕು. ಸ್ವಂತಿಕೆ ಇಲ್ಲದ ತಿದ್ದುಪಡಿಗೆ ಕೃತಿಸ್ವಾಮ್ಯ ಹುಟ್ಟುವುದಿಲ್ಲ ಎಂಬ ತತ್ತ್ವವೇ ಇದರ ಆಧಾರ.

ಎರಡನೆಯ ಹೆಜ್ಜೆ ಕಣ್ಣಿಗೆ ಬೀಳದಂಥದು, ಆದರೆ ದೂರದೃಷ್ಟಿಯದು. ಅಲ್ಲಿಯವರೆಗೆ ಪ್ರತಿ ಫೈಲಿನ ತಲೆಯ ಮೇಲೂ ಪರವಾನಗಿಯ ಪೂರ್ಣ ಪಾಠ ಇರುತ್ತಿತ್ತು. ಕೆಲವೆಡೆ ಕೋಡಿಗಿಂತ ಷರತ್ತೇ ಉದ್ದ. 2016ರ ಮೇ ತಿಂಗಳಲ್ಲಿ ತಂಡ ಆ ಪಾಠವನ್ನು ತೆಗೆದು, ಪರವಾನಗಿಯ ವಿವರ ಒಂದು ಸಾಮಾನ್ಯ ಫೈಲಿನಲ್ಲಿದೆ ಎಂದು ತಿಳಿಸುವ ಪುಟ್ಟ ಒಕ್ಕಣೆಯನ್ನು ಹಾಕಿತು. ಇದರಿಂದ ಮುಂದಿನ ಬದಲಾವಣೆ ಪ್ರತಿ ಫೈಲಿನಲ್ಲಿ ಕೆಲವು ಪದಗಳ ಕೆಲಸವಾಗಿ ಇಳಿಯಿತು.

ಮೂರನೆಯದು ಹಳಬರನ್ನು ಹುಡುಕುವುದು. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ವ್ಯವಸ್ಥೆಯಲ್ಲಿ ಬರೆದವರ ಹೆಸರು ಬೇರೆ, ಸೇರಿಸಿದವರ ಹೆಸರು ಬೇರೆಯಾಗಿ ದಾಖಲಾಗುತ್ತವೆ. ಅದಕ್ಕಿಂತ ಹಿಂದಿನ ಸಿವಿಎಸ್ ವ್ಯವಸ್ಥೆ ದಾಖಲಿಸುತ್ತಿದ್ದುದು ಸೇರಿಸಿದವರನ್ನು ಮಾತ್ರ. ಆ ಕಾಲದ ಪ್ಯಾಚ್ ಯಾರದೆಂದು ತಿಳಿಯಲು ಕಮಿಟ್ ಸಂದೇಶದ ಒಳಗಿನ ಕೃತಜ್ಞತೆಯ ಮಾತು, ಬದಲಾವಣೆಗಳ ಪಟ್ಟಿಯಲ್ಲಿರುವ ಹೆಸರು ಇವನ್ನೆಲ್ಲ ಓದಬೇಕು. ಹೆಸರು ಸಿಕ್ಕರೂ ಇಮೇಲ್ ವಿಳಾಸ ಹಳತಾಗಿರುತ್ತದೆ. ವಿದ್ಯಾರ್ಥಿಯಾಗಿದ್ದವರು ವಿಶ್ವವಿದ್ಯಾಲಯ ಬಿಟ್ಟಿರುತ್ತಾರೆ, ಕಂಪನಿಗಳು ಕೈಬದಲಾಗಿರುತ್ತವೆ. ಎಲಿಪ್ಟಿಕ್ ಕರ್ವ್ ಗೂಢಲಿಪಿಯ ಕೋಡನ್ನು 2002ರಲ್ಲಿ ಕೊಟ್ಟಿದ್ದು ಸನ್ ಮೈಕ್ರೋಸಿಸ್ಟಮ್ಸ್. ಅದನ್ನು ಒರಾಕಲ್ 2010ರಲ್ಲಿ ಕೊಂಡಿತು. ಹಾಗಾಗಿ ಒಪ್ಪಿಗೆಯ ಪ್ರಶ್ನೆ ಒರಾಕಲ್‌ನ ಮೇಜಿಗೆ ಬಂತು.

ಮೌನ ಸಮ್ಮತಿಯೇ?

2017ರ ಮಾರ್ಚ್‌ನಲ್ಲಿ ತಂಡ ಒಪ್ಪಿಗೆ ಸಂಗ್ರಹವನ್ನು ಅಧಿಕೃತವಾಗಿ ಆರಂಭಿಸಿತು. ಆಗ ಪಟ್ಟಿಯಲ್ಲಿದ್ದವರು ಸುಮಾರು 400 ಜನ. ಅವರ ಕಮಿಟ್‌ಗಳು 31,000ಕ್ಕೂ ಹೆಚ್ಚು. ಯೋಜನೆಗೆ ಕಾನೂನು ಸಲಹೆ ನೀಡಿದವರು ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್‌ನ ಮಿಶಿ ಚೌಧರಿ, ಭಾರತದಲ್ಲೂ ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುತ್ತ ಬಂದಿರುವ ವಕೀಲೆ. ಪ್ರತಿಯೊಬ್ಬರಿಗೂ ಇಮೇಲ್ ಹೋಯಿತು. ಒಪ್ಪಿಗೆ ಅಥವಾ ಆಕ್ಷೇಪ ತಿಳಿಸಲು ಅವಕಾಶವಿತ್ತು. ಆದರೆ ಪತ್ರದಲ್ಲಿದ್ದ ಒಂದು ವಾಕ್ಯ ವಿವಾದವೆಬ್ಬಿಸಿತು: ಉತ್ತರ ಬಾರದಿದ್ದರೆ ಆಕ್ಷೇಪವಿಲ್ಲವೆಂದು ಭಾವಿಸಲಾಗುವುದು.

ಓಪನ್‌ಬಿಎಸ್‌ಡಿಯ ಥಿಯೊ ಡಿ ರಾಟ್ ಮೊದಲಾದವರು ಇದನ್ನು ಬಹಿರಂಗವಾಗಿ ಖಂಡಿಸಿದರು. ಅವರ ವಾದದಲ್ಲಿ ಹುರುಳಿತ್ತು. ಕೃತಿಸ್ವಾಮ್ಯದ ಮೂಲ ನಿಯಮವೇ ಅನುಮತಿ ಇಲ್ಲದೆ ಬಳಸಬಾರದು ಎಂಬುದು. ತಲುಪದೇ ಹೋದ ಇಮೇಲ್, ಓದದೇ ಉಳಿದ ಇಮೇಲ್, ತೀರಿಕೊಂಡವರ ಹೆಸರಿಗೆ ಹೋದ ಇಮೇಲ್ ಇವು ಯಾವುದನ್ನೂ ಅನುಮತಿ ಎನ್ನಲಾಗದು. ಇನ್ನೊಂದು ಕಡೆ ತಂಡದ ಕಷ್ಟವೂ ನಿಜ. ಇಪ್ಪತ್ತು ವರ್ಷದ ಹಿಂದೆ ಒಂದು ಪ್ಯಾಚ್ ಕಳಿಸಿ ಮರೆತ ವ್ಯಕ್ತಿ ಸಿಗಲಿಲ್ಲವೆಂದು ಇಡೀ ಲೈಬ್ರರಿ ಹಳೆಯ ಷರತ್ತಿಗೇ ಸಿಕ್ಕಿಬಿದ್ದಿರಬೇಕೆ? ಆದರೂ ತೂಗಿ ನೋಡಿದಾಗ ನ್ಯಾಯ ಆಕ್ಷೇಪದ ಕಡೆಗೇ ಹೆಚ್ಚು ವಾಲುತ್ತದೆ. ಇತರರು ತಮ್ಮ ಪರವಾನಗಿಯನ್ನು ಗೌರವಿಸಲಿ ಎಂದು ಕೇಳುವ ಸಮುದಾಯ ತನ್ನೊಳಗಿನ ಹಕ್ಕನ್ನು ಸಡಿಲವಾಗಿ ಕಾಣಲಾಗದು.

ತಂಡ ಹುಡುಕಾಟ ಮುಂದುವರಿಸಿತು. 2018ರ ಮಾರ್ಚ್‌ನಲ್ಲಿ ಇನ್ನೂ ಸಿಗದವರ ಹೆಸರುಗಳನ್ನು ಪ್ರಕಟಿಸಿ, ಅವರನ್ನು ಬಲ್ಲವರ ನೆರವು ಕೋರಿತು. ಇಂಥ ಸಂದರ್ಭದಲ್ಲಿ ಒಪ್ಪದವರ ಅಥವಾ ಸಿಗದವರ ಕೋಡಿಗೆ ಉಳಿಯುವ ದಾರಿಗಳು ಮೂರು: ಅದು ಕೃತಿಸ್ವಾಮ್ಯ ಹುಟ್ಟದಷ್ಟು ಸಣ್ಣದೇ ಎಂದು ಪರಿಶೀಲಿಸುವುದು, ತೆಗೆದುಹಾಕುವುದು, ಇಲ್ಲವೇ ಹಳೆಯದನ್ನು ನಕಲು ಮಾಡದೆ ಹೊಸದಾಗಿ ಬರೆಯುವುದು. ಹೊಸ ಪರವಾನಗಿ ಅಭಿವೃದ್ಧಿ ಶಾಖೆಯನ್ನು ಸೇರಿದ್ದು 2018ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ, ಸೆಪ್ಟೆಂಬರ್‌ನಲ್ಲಿ ಬಂದಿದ್ದ 1.1.1 ಆವೃತ್ತಿ ಹಳೆಯ ಷರತ್ತಿನಲ್ಲೇ ಉಳಿಯಿತು. ಒಮ್ಮೆ ಕೊಟ್ಟ ಪರವಾನಗಿ ಹಿಂದಕ್ಕೆ ಬರುವುದಿಲ್ಲ. ಬದಲಾವಣೆ ಮುಂದಿನ ಆವೃತ್ತಿಗಳಿಗೆ ಮಾತ್ರ. ಹೀಗೆ 2021ರ 3.0 ಆವೃತ್ತಿ ಅಪಾಚೆ ಪರವಾನಗಿಯಡಿ ಹೊರಬಂತು, 1.1.1ರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿಯಿತು.

ಬೇರೆ ಯೋಜನೆಗಳ ದಾರಿ

ಇದೇ ಹಾದಿಯಲ್ಲಿ ಮೊದಲೇ ನಡೆದವರಿದ್ದರು. ಮೊಜಿಲ್ಲಾ 2001ರಲ್ಲಿ ಆರಂಭಿಸಿದ ಬದಲಾವಣೆ ಮುಗಿದಿದ್ದು 2006ರಲ್ಲಿ. ಮೂರು ಪರವಾನಗಿಗಳಲ್ಲಿ ಬೇಕಾದ್ದನ್ನು ಆಯ್ದುಕೊಳ್ಳುವ ಅವಕಾಶ ಆಗ ಬಳಕೆದಾರರಿಗೆ ದೊರೆಯಿತು. ಪ್ಯಾರಿಸ್‌ನ ವಿದ್ಯಾರ್ಥಿ ಯೋಜನೆಯಾಗಿ ಹುಟ್ಟಿದ ವಿಎಲ್‌ಸಿ, ಜಾನ್ ಬ್ಯಾಪ್ಟಿಸ್ಟ್ ಕೆಂಫ್ ಅವರ ಮುಂದಾಳತ್ವದಲ್ಲಿ ಹಕ್ಕುದಾರರನ್ನು ಒಬ್ಬೊಬ್ಬರನ್ನಾಗಿ ಸಂಪರ್ಕಿಸಿ, ತನ್ನ ತಿರುಳನ್ನು 2011ರ ಡಿಸೆಂಬರ್‌ನಲ್ಲಿ, ಬಹುಪಾಲು ಮಾಡ್ಯೂಲ್‌ಗಳನ್ನು 2012ರ ನವೆಂಬರ್‌ನಲ್ಲಿ ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ತಂದಿತು.

ಒಬ್ಬೊಬ್ಬರನ್ನೂ ಕೇಳುವ ಅಗತ್ಯವೇ ಬೀಳದಂತೆ ಮೊದಲೇ ಏರ್ಪಾಟು ಮಾಡಿಕೊಂಡವರೂ ಇದ್ದಾರೆ. ಜಿಸಿಸಿ ಕಂಪೈಲರ್‌ಗೆ ಕೋಡ್ ಕೊಡುವವರು ದಶಕಗಳ ಕಾಲ ತಮ್ಮ ಹಕ್ಕನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡುತ್ತಿದ್ದರು. ಆದ್ದರಿಂದ 2007ರಲ್ಲಿ ಅದು ಜಿಪಿಎಲ್ ಮೂರನೆಯ ಆವೃತ್ತಿಗೆ ಸಲೀಸಾಗಿ ಸರಿಯಿತು. ವಿಕಿಪೀಡಿಯದ ದಾರಿ ಬೇರೆ. ಅದರ ಹಳೆಯ ಪರವಾನಗಿಯಲ್ಲಿ ‘ಮುಂದಿನ ಆವೃತ್ತಿಗಳೂ ಅನ್ವಯ’ ಎಂಬ ಮಾತಿತ್ತು. 2008ರಲ್ಲಿ ಬಂದ ಆವೃತ್ತಿ ಬದಲಾವಣೆಗೆ ಕಿಂಡಿ ತೆರೆಯಿತು. 2009ರಲ್ಲಿ ಸದಸ್ಯರ ಮತದಾನದ ನಂತರ ಕನ್ನಡ ವಿಕಿಪೀಡಿಯವೂ ಸೇರಿದಂತೆ ಎಲ್ಲ ಭಾಷೆಗಳ ಲೇಖನಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದವು. ಲಿನಕ್ಸ್ ಕರ್ನಲ್‌ನಲ್ಲಿ ಅಂಥ ಮಾತಿಲ್ಲ, ಹಕ್ಕನ್ನು ಒಂದೆಡೆ ಸೇರಿಸಿಯೂ ಇಲ್ಲ. ಸಾವಿರಾರು ಹಕ್ಕುದಾರರಿರುವ ಅದು ಜಿಪಿಎಲ್ ಎರಡನೆಯ ಆವೃತ್ತಿಯಲ್ಲೇ ನಿಂತಿದೆ.

ಹಕ್ಕು ಒಂದೆಡೆ ಸೇರುವುದರಲ್ಲಿ ಅಪಾಯವೂ ಇದೆ. ಒಪ್ಪಂದಪತ್ರದ ಬಲದಿಂದ ಕಂಪನಿಯೊಂದು ಯಾರನ್ನೂ ಕೇಳದೆ ಪರವಾನಗಿಯನ್ನು ಬಿಗಿಗೊಳಿಸಬಹುದು. 2021ರಲ್ಲಿ ಇಲಾಸ್ಟಿಕ್‌ಸರ್ಚ್ ತನ್ನ ಅಪಾಚೆ ಪರವಾನಗಿ ಬಿಟ್ಟಾಗ ಸಮುದಾಯ ಇದನ್ನು ಕಣ್ಣಾರೆ ಕಂಡಿತು. ಹಂಚಿಹೋದ ಹಕ್ಕು ಬದಲಾವಣೆಗೆ ತೊಡಕು ನಿಜ. ಏಕಪಕ್ಷೀಯ ಬದಲಾವಣೆಗೆ ಅದೇ ತಡೆಗೋಡೆ.

ಭಾರತದ ಕಾನೂನಿನಲ್ಲಿ

ಬೆಂಗಳೂರಿನ ಪ್ರೋಗ್ರಾಮರ್‌ಗಳ ಕೋಡೂ ಜಗತ್ತಿನ ಮುಕ್ತ ಯೋಜನೆಗಳಲ್ಲಿ ಸೇರಿರುವುದರಿಂದ ಇಲ್ಲಿನ ನಿಯಮವೂ ಪ್ರಸ್ತುತ. 1957ರ ಕೃತಿಸ್ವಾಮ್ಯ ಕಾಯಿದೆ, 1984ರ ತಿದ್ದುಪಡಿಯಿಂದ, ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತದೆ. ಅಷ್ಟು ಕಾಲ ಒಪ್ಪಿಗೆ ಕೊಡುವ ಅಧಿಕಾರ ವಾರಸುದಾರರದು. 17ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಬರೆದ ಕೃತಿಯ ಮೊದಲ ಒಡೆತನ ಉದ್ಯೋಗದಾತರದು. ಹಾಗಾಗಿ ಕಚೇರಿಯ ಕೆಲಸವಾಗಿ ಕಳಿಸಿದ ಪ್ಯಾಚ್‌ಗೆ ಉದ್ಯೋಗಿಯೊಬ್ಬರ ‘ಒಪ್ಪಿದ್ದೇನೆ’ ಎಂಬ ಉತ್ತರ ಸಾಲದೇ ಹೋಗಬಹುದು. 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಅರ್ಥ. 30ನೆಯ ಕಲಮು ಪರವಾನಗಿಯೂ ಲಿಖಿತವಾಗಿರಬೇಕೆನ್ನುತ್ತದೆ. ಮೌನವನ್ನು ಒಪ್ಪಿಗೆ ಎಂದು ಓದಲು ಇಲ್ಲಿ ಆಸ್ಪದ ಕಡಿಮೆ.

ಓಪನ್‌ಎಸ್‌ಎಸ್‌ಎಲ್‌ನ ಆರು ವರ್ಷಗಳಿಂದ ಹೊಮ್ಮುವ ಪಾಠಗಳು ಸರಳವಾಗಿವೆ. ಮೊದಲ ದಿನವೇ ಪರವಾನಗಿಯನ್ನು ಯೋಚಿಸಿ ಆಯಬೇಕು. ಯಾವ ಸಾಲು ಯಾರದೆಂಬ ದಾಖಲೆಯನ್ನು ಎಂದೂ ಕಳೆಯಬಾರದು. ಕೊಡುಗೆ ಬಂದಾಗಲೇ ಅದರ ಹಕ್ಕಿನ ಸ್ಥಿತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬದಲಿಸಲೇಬೇಕಾಗಿ ಬಂದಾಗ ಒಂದೊಂದು ಹೆಸರನ್ನೂ ಹುಡುಕಿ ಕೇಳಬೇಕು, ಒಪ್ಪದವರ ಕೋಡನ್ನು ಬಿಟ್ಟುಕೊಡಬೇಕು.