ಬೀಗರಂತಿದ್ದ ಎರಡು ತಂಡಗಳು

ನಮ್ಮ ಮದುವೆಮನೆಗಳಲ್ಲಿ ಬೀಗರ ಹಾಡು ಎಂಬುದೊಂದು ಇತ್ತು. ಕೆಲವೆಡೆ ಇಂದಿಗೂ ಉಳಿದಿದೆ. ಗಂಡಿನ ಕಡೆಯವರು ಎಲೆಯ ಮುಂದೆ ಕುಳಿತಿರುವಾಗ ಹೆಣ್ಣಿನ ಕಡೆಯ ಹೆಂಗಸರು ಬೀಗಿತ್ತಿಯ ನಡಿಗೆಯನ್ನೂ ಬೀಗರ ಹೊಟ್ಟೆಬಾಕತನವನ್ನೂ ರಾಗವಾಗಿ ಹಾಡಿ ಆಡಿಕೊಳ್ಳುವರು. ಕೇಳಿದವರು ಮುನಿಸಿಕೊಳ್ಳುವಂತಿಲ್ಲ, ತಮ್ಮ ಸರದಿ ಬಂದಾಗ ಬಡ್ಡಿಸಹಿತ ತೀರಿಸಿದರಾಯಿತು. ತರಗತಿಯಲ್ಲಿ ಜನಪದ ಸಾಹಿತ್ಯದ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬ, "ಸಾರ್, ಪರದೇಶಗಳಲ್ಲಿ ಇಂಥದು ಇಲ್ಲವೆ?" ಎಂದು ಕೇಳಿದ. "ಇದ್ದೇ ಇರುತ್ತದೆ" ಎಂದು ಹೇಳಿ ಜಾರಿಕೊಂಡೆ. ಉತ್ತರ ದೊರೆತದ್ದು ಬಹಳ ದಿನಗಳ ಮೇಲೆ, ಅದೂ ನಾನು ಎಂದೂ ಕಣ್ಣಾರೆ ಕಾಣದ ಬೇಸ್‌ಬಾಲ್ ಎಂಬ ಆಟದ ಚರಿತ್ರೆಯಲ್ಲಿ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಒಂದು ಕಾಲಕ್ಕೆ ಮೂರು ದೊಡ್ಡ ಬೇಸ್‌ಬಾಲ್ ತಂಡಗಳಿದ್ದವು. ಅವುಗಳಲ್ಲಿ ಜೈಂಟ್ಸ್ ಮತ್ತು ಡಾಡ್ಜರ್ಸ್ ಎಂಬೆರಡು ನ್ಯಾಷನಲ್ ಲೀಗ್ ಎಂಬ ಒಂದೇ ಕೂಟಕ್ಕೆ ಸೇರಿದವು. ಮ್ಯಾನ್‌ಹಟನ್ನಿನ ಪೋಲೊ ಗ್ರೌಂಡ್ಸ್ ಜೈಂಟ್ಸರ ಅಂಗಳ. ನದಿಯಾಚೆಯ ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್ ಡಾಡ್ಜರ್ಸರದು. ಬ್ರೂಕ್ಲಿನ್ 1898ರವರೆಗೆ ತಾನೇ ಒಂದು ಸ್ವತಂತ್ರ ನಗರವಾಗಿತ್ತು. ಆ ವರ್ಷ ನ್ಯೂಯಾರ್ಕಿನಲ್ಲಿ ವಿಲೀನವಾಗಿ ಅದರ ಒಂದು ಭಾಗವಾಯಿತು. ಕಳೆದುಹೋದ ಊರುತನಕ್ಕೆ ಉಳಿದ ಗುರುತು ಆ ತಂಡವೊಂದೇ ಎಂದರೂ ಸಲ್ಲುತ್ತದೆ. ತಂಡದ ಹೆಸರು ಕೂಡ ಬೀದಿಯಲ್ಲಿ ಟ್ರಾಮುಗಾಡಿಗಳಿಂದ ತಪ್ಪಿಸಿಕೊಂಡು ಓಡಾಡುವ ಬ್ರೂಕ್ಲಿನ್ ಜನರನ್ನು ಇತರರು ಹಾಸ್ಯಮಾಡಿದ್ದರಿಂದ ಬಂದದ್ದು. ಎರಡು ತಂಡಗಳೂ ವರ್ಷಕ್ಕೆ 22 ಬಾರಿ ಒಂದನ್ನೊಂದು ಎದುರಿಸುತ್ತಿದ್ದವು. ಅಭಿಮಾನಿಗಳು ಒಂದೇ ಸುರಂಗದ ರೈಲಿನಲ್ಲಿ ಕುಳಿತು, ಒಂದೇ ಕಚೇರಿಯಲ್ಲಿ ದುಡಿದು, ಒಂದೇ ಅಂಗಡಿಯಲ್ಲಿ ಕಾಫಿ ಕುಡಿಯುವವರು. ಆಡಿಕೊಳ್ಳುವುದಕ್ಕೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕೆ?

ಬ್ರೂಕ್ಲಿನ್ ತಂಡ ಬಹುಕಾಲ ಬಲು ಕೆಟ್ಟದಾಗಿ ಆಡಿತು. ಈ ಆಟದಲ್ಲಿ ಓಡುವವರು ನಿಲ್ಲಲು ಮೂರು ಠಾಣೆಗಳಿವೆ. ಒಂದು ಠಾಣೆಗೆ ಒಬ್ಬನೇ. 1926ರಲ್ಲಿ ಒಮ್ಮೆ ಅವರ ಮೂವರೂ ಓಡಿಬಂದು ಮೂರನೆಯ ಠಾಣೆಯಲ್ಲೇ ಸೇರಿಬಿಟ್ಟರು. ಅಲ್ಲಿಂದಾಚೆಗೆ, "ಬ್ರೂಕ್ಲಿನ್ನಿನವರು ಮೂವರು ಠಾಣೆಯಲ್ಲಿದ್ದಾರೆ" ಎಂದು ಯಾರಾದರೂ ಹೇಳಿದರೆ, "ಯಾವ ಠಾಣೆಯಲ್ಲಪ್ಪ?" ಎಂದು ಕೇಳುವುದು ಊರ ಗಾದೆಯಾಯಿತು. ಅವರ ಸ್ವಂತ ಅಭಿಮಾನಿಗಳೇ ಅವರನ್ನು ದಂಡಪಿಂಡಗಳೆಂದು ಕರೆಯುತ್ತಿದ್ದರು. ವಿಲಾರ್ಡ್ ಮುಲಿನ್ ಎಂಬ ವ್ಯಂಗ್ಯಚಿತ್ರಕಾರ ಹರಕು ಬಟ್ಟೆಯ ಅಲೆಮಾರಿಯೊಬ್ಬನನ್ನು ಬರೆದು ಅವನನ್ನೇ ತಂಡದ ಪ್ರತೀಕವನ್ನಾಗಿ ಮಾಡಿದ. ಊರು ಕೋಪಗೊಳ್ಳಲಿಲ್ಲ, ಆ ಭಿಕಾರಿಯನ್ನು ಎತ್ತಿ ಮೆರೆಸಿತು. ಬೈಗುಳವನ್ನೇ ಬಿರುದನ್ನಾಗಿ ತೊಡುವ ಈ ಜಾಣತನ ನನಗಂತೂ ಬಲು ಮೆಚ್ಚುಗೆಯಾಯಿತು.

1934ರ ಆರಂಭದಲ್ಲಿ ಜೈಂಟ್ಸರ ನಾಯಕ ಬಿಲ್ ಟೆರಿಯನ್ನು ಪತ್ರಕರ್ತರು ಬ್ರೂಕ್ಲಿನ್ನಿನ ಬಗೆಗೆ ಕೇಳಿದಾಗ, ಆ ಊರಿನ ತಂಡ ಇನ್ನೂ ಲೀಗಿನಲ್ಲಿ ಇದೆಯೆ ಎಂದು ಆತ ಮರುಪ್ರಶ್ನೆ ಹಾಕಿದ. ಹಿಂದಿನ ವರ್ಷ ಗೆದ್ದವನಿಗೆ ಅಷ್ಟು ಸಲಿಗೆ ಸಹಜವೇ. ಆದರೆ ಬ್ರೂಕ್ಲಿನ್ ಆ ಮಾತನ್ನು ಸೆರಗಿಗೆ ಗಂಟುಹಾಕಿಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ಜೈಂಟ್ಸರು ಲೀಗ್ ಗೆಲ್ಲಲು ಉಳಿದಿದ್ದದ್ದು ಎರಡೇ ಪಂದ್ಯ, ಅವೂ ಬ್ರೂಕ್ಲಿನ್ನಿನ ಮೇಲೆ. ಆರನೆಯ ಸ್ಥಾನದಲ್ಲಿ ತೊಳಲುತ್ತಿದ್ದ ಡಾಡ್ಜರ್ಸರು ಎರಡನ್ನೂ ಗೆದ್ದರು; ಪತಾಕೆ ಸೇಂಟ್ ಲೂಯಿ ಊರಿನ ಪಾಲಾಯಿತು. ಡಾಡ್ಜರ್ಸರು ಆರನೆಯವರಾಗಿಯೇ ಉಳಿದರು. ಆದರೂ ಬ್ರೂಕ್ಲಿನ್ನಿನ ಪಾಲಿಗೆ ಅದೇ ಹಬ್ಬ.

ಹಾಸ್ಯಕ್ಕೆ ಎಲ್ಲೆ ಇಲ್ಲದೆ ಇರಲಿಲ್ಲ. 1938ರ ಜುಲೈ ತಿಂಗಳ ಒಂದು ರಾತ್ರಿ ಬ್ರೂಕ್ಲಿನ್ನಿನ ಮದ್ಯದಂಗಡಿಯೊಂದರಲ್ಲಿ ಡಾಡ್ಜರ್ಸರ ಅಭಿಮಾನಿಯೊಬ್ಬನನ್ನು ಅಂಗಡಿಯವರೂ ಕುಳಿತಿದ್ದವರೂ ಸೇರಿ ಕೆಣಕಿದರು. ಆತ ಎದ್ದುಹೋಗಿ ಬಂದೂಕಿನೊಂದಿಗೆ ಹಿಂದಿರುಗಿದ. ಒಬ್ಬನ ಪ್ರಾಣ ಹೋಯಿತು, ಇನ್ನೊಬ್ಬ ಗಾಯಗೊಂಡ. ಈ ಸಂಗತಿಯನ್ನು ಹೇಳದೆ ಬಿಟ್ಟು ಉಳಿದದ್ದನ್ನು ಮಾತ್ರ ನಗುನಗುತ್ತ ಬರೆಯುವುದು ಸುಲಭ; ಆದರೆ ಅದು ಚರಿತ್ರೆಯಾಗದು.

ಅದರ ಮರುವರ್ಷ ರೇಡಿಯೊ ಬಂದಿತು. ಪಂದ್ಯದ ವಿವರಣೆಯನ್ನು ಬಿತ್ತರಿಸಿದರೆ ಟಿಕೆಟು ಕೊಳ್ಳುವವರು ಯಾರೆಂದು ಹೆದರಿ ನ್ಯೂಯಾರ್ಕಿನ ಮೂರು ತಂಡಗಳೂ 1934ರಿಂದ ಐದು ವರ್ಷ ಅದಕ್ಕೆ ಅಡ್ಡಿಯಾಗಿ ಒಪ್ಪಂದ ಮಾಡಿಕೊಂಡಿದ್ದವು. 1939ರಲ್ಲಿ ಡಾಡ್ಜರ್ಸರ ಆಡಳಿತ ವಹಿಸಿದ್ದ ಲ್ಯಾರಿ ಮ್ಯಾಕ್‌ಫೇಲ್ ಆ ಕಟ್ಟನ್ನು ಮುರಿದು, ಸಿನ್‌ಸಿನಾಟಿಯಿಂದ ರೆಡ್ ಬಾರ್ಬರ್ ಎಂಬ ವಿವರಣೆಕಾರನನ್ನು ಕರೆತಂದ. ಬಾರ್ಬರ್ ದಕ್ಷಿಣದ ಮಿಸಿಸಿಪಿಯಲ್ಲಿ ಹುಟ್ಟಿದವನು. ಹಳ್ಳಿಯ ನುಡಿಗಟ್ಟು, ನಿಧಾನದ ಮಾತು. ಮೇಜಿನ ಮೇಲೆ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳುಗಡಿಯಾರವನ್ನು ಇಟ್ಟುಕೊಂಡು, ಮರಳು ಇಳಿದಾಗಲೆಲ್ಲ ಸ್ಕೋರು ಹೇಳುತ್ತಿದ್ದ. ಬೇಸಗೆಯ ಸಂಜೆ ಬ್ರೂಕ್ಲಿನ್ನಿನ ಬೀದಿಯಲ್ಲಿ ನಡೆದುಹೋದರೆ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಆತನ ಧ್ವನಿ ಕಡಿಯದೆ ಕೇಳುತ್ತಿತ್ತೆಂದು ಆ ಕಾಲದವರು ನೆನೆಯುತ್ತಿದ್ದರು. ವಿಚಿತ್ರವೆಂದರೆ ಬಾರ್ಬರ್ ತನ್ನ ತಂಡದ ಪಕ್ಷಪಾತಿಯಾಗಲು ಒಪ್ಪಲಿಲ್ಲ. ಎದುರಾಳಿ ಚೆನ್ನಾಗಿ ಆಡಿದರೆ ಚೆನ್ನಾಗಿ ಆಡಿದನೆಂದೇ ಹೇಳುವನು.

ಈ ನಿಷ್ಪಕ್ಷಪಾತಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಬೇರೆ ದಾರಿಯಿಂದ. ಕರಿಯ ಆಟಗಾರನೊಬ್ಬನನ್ನು ತಂಡಕ್ಕೆ ತರುವ ಯೋಚನೆಯನ್ನು ಬ್ರಾಂಚ್ ರಿಕಿ 1945ರಲ್ಲಿ ಬಾರ್ಬರನಿಗೆ ಗುಟ್ಟಾಗಿ ತಿಳಿಸಿದಾಗ, ದಕ್ಷಿಣದ ಸಂಸ್ಕಾರದಲ್ಲಿ ಬೆಳೆದ ಆತ ಮನೆಗೆ ಬಂದು ಕೆಲಸ ಬಿಡುವುದಾಗಿ ಹೆಂಡತಿಗೆ ಹೇಳಿದ. ಬಿಡಲಿಲ್ಲ. 1947ರಲ್ಲಿ ಜ್ಯಾಕಿ ರಾಬಿನ್‌ಸನ್ ಅಂಗಳಕ್ಕೆ ಇಳಿದಾಗ ಉಳಿದ ಆಟಗಾರರನ್ನು ವರ್ಣಿಸಿದಂತೆಯೇ ಅವನನ್ನೂ ವರ್ಣಿಸಿದ. ಅದೇ ವರ್ಷ ಫಿಲಡೆಲ್ಫಿಯದ ತಂಡದ ನಾಯಕ ಬೆನ್ ಚಾಪ್‌ಮನ್ ಮೊದಲಾದವರು ರಾಬಿನ್‌ಸನ್ನನ ಮೈಬಣ್ಣವನ್ನು ಹಿಡಿದು ಕಿವಿ ಮುಚ್ಚಿಕೊಳ್ಳುವಂಥ ಮಾತುಗಳನ್ನಾಡಿದರು. ಇದು ಆಟದ ಹಳೆಯ ವಾಡಿಕೆಯ ಕೆಣಕುಮಾತೇ ಎಂದು ಸಮರ್ಥಿಸಿಯೂಕೊಂಡರು. ಬೀಗರ ಹಾಡಿನಲ್ಲಿ ಹಾಡಿಸಿಕೊಂಡವನಿಗೆ ಮರುಹಾಡು ಹಾಡುವ ಹಕ್ಕಿರುತ್ತದೆ. ರಾಬಿನ್‌ಸನ್ನನಿಗೋ ಬಾಯಿ ತೆರೆಯಕೂಡದೆಂಬ ಕಟ್ಟಪ್ಪಣೆ ಇತ್ತು. ಉತ್ತರ ಕೊಡಲಾರದವನನ್ನು ಆಡಿಕೊಳ್ಳುವುದಕ್ಕೆ ಹಾಸ್ಯವೆಂಬ ಹೆಸರನ್ನು ಯಾವ ಭಾಷೆಯೂ ಕೊಡಲಾರದು. ಮುಂದೆ ಅವನ ಬಾಯಿಕಟ್ಟು ಸಡಿಲವಾದಾಗ ಜೈಂಟ್ಸರೊಡನೆ ಆತ ಸರಿಸಮನಾಗಿ ಮಾತಿಗೆ ಮಾತು ತೂಗಿದ. ಅದು ಮಾತ್ರ ನಿಜವಾದ ಜಗಳ.

ಜೈಂಟ್ಸರ ಕಡೆ ಮಾತಿನ ಮಲ್ಲನೆಂದರೆ ಲಿಯೊ ಡ್ಯುರೋಶರ್. ಮೊದಲು ಆತ ಬ್ರೂಕ್ಲಿನ್ನಿನ ನಾಯಕನೇ ಆಗಿದ್ದ. 1946ರಲ್ಲಿ ಬಾರ್ಬರನೊಡನೆ ಹರಟುತ್ತ ಎದುರಿಗಿದ್ದ ಜೈಂಟ್ಸರ ನಾಯಕ ಮೆಲ್ ಆಟ್ ಮತ್ತು ಅವನ ಸಂಗಡಿಗರತ್ತ ಕೈತೋರಿಸಿ, ಎಲ್ಲರೂ ಒಳ್ಳೆಯವರೇ, ಆದ್ದರಿಂದಲೇ ತಳದಲ್ಲಿದ್ದಾರೆ ಎಂಬರ್ಥದ ಮಾತಾಡಿದ. ಜೈಂಟ್ಸರು ಆ ವರ್ಷ ಕೊನೆಯವರೂ ಆದರು. ಎರಡು ವರ್ಷ ಕಳೆದ ಮೇಲೆ, 1948ರ ಜುಲೈಯಲ್ಲಿ, ಆ ಒಳ್ಳೆಯ ಆಟನನ್ನು ಎಬ್ಬಿಸಿ ಅದೇ ಪೀಠದಲ್ಲಿ ಕುಳಿತವನು ಈ ಡ್ಯುರೋಶರನೇ! ರಾತ್ರಿ ಬೆಳಗಾಗುವುದರೊಳಗೆ ಬ್ರೂಕ್ಲಿನ್ನಿಗೆ ಆತ ದ್ರೋಹಿಯಾದ. ಅವನನ್ನು ದ್ವೇಷಿಸುತ್ತಲೇ ಬಂದಿದ್ದ ಜೈಂಟ್ಸರ ಅಭಿಮಾನಿಗಳು ಗಂಟಲಲ್ಲಿ ಕಡುಬು ಸಿಕ್ಕವರಂತೆ ಕುಳಿತರು.

1951ರ ಆಗಸ್ಟಿನಲ್ಲಿ ಡಾಡ್ಜರ್ಸರು ಹದಿಮೂರೂವರೆ ಪಂದ್ಯಗಳಷ್ಟು ಮುಂದಿದ್ದರು. ಎಬೆಟ್ಸ್ ಫೀಲ್ಡಿನಲ್ಲಿ ಎರಡು ತಂಡಗಳ ಕೋಣೆಗಳ ನಡುವೆ ಇದ್ದುದು ಒಂದು ಬಾಗಿಲು. ಗೆದ್ದ ಡಾಡ್ಜರ್ಸರು ಆ ಬಾಗಿಲಿನ ಈಚೆ ನಿಂತು, ಜೈಂಟ್ಸರು ಸತ್ತರೆಂದು ಡ್ಯುರೋಶರನಿಗೆ ಕೇಳುವಂತೆ ಹಾಡಿದರು. ಅಕ್ಷರಶಃ ಬೀಗರ ಹಾಡೇ! ಅಲ್ಲಿಂದ ಜೈಂಟ್ಸರು ಉಳಿದ 44 ಪಂದ್ಯಗಳಲ್ಲಿ 37ನ್ನು ಗೆದ್ದು ಸಮಸಮಕ್ಕೆ ಬಂದರು. ತೀರ್ಮಾನಕ್ಕಾಗಿ ಮೂರು ಪಂದ್ಯಗಳನ್ನು ಏರ್ಪಡಿಸಲಾಯಿತು. ಆಳಿಗೊಂದು ಗೆಲುವಾದ ಮೇಲೆ ಅಕ್ಟೋಬರ್ 3ರಂದು ಪೋಲೊ ಗ್ರೌಂಡ್ಸಿನಲ್ಲಿ ಮೂರನೆಯದು. ಕೊನೆಯ ಸರದಿಯಲ್ಲಿ ಡಾಡ್ಜರ್ಸರು 4–2ರಿಂದ ಮುಂದಿದ್ದರು. ಚೆಂಡೆಸೆಯಲು ಬಂದವನು ರಾಲ್ಫ್ ಬ್ರಾಂಕ. ಅಂಗಿಯ ಮೇಲಿನ ಸಂಖ್ಯೆ 13. ಬಾಬಿ ಥಾಮ್ಸನ್ ಹೊಡೆದ ಚೆಂಡು ಎಡಗಡೆಯ ಗೋಡೆ ದಾಟಿತು. ಠಾಣೆಯಲ್ಲಿದ್ದ ಇಬ್ಬರೂ ಅವನೂ ಸೇರಿ ಮೂರು ಓಟ, 5–4.

ಜೈಂಟ್ಸರ ವಿವರಣೆಕಾರ ರಸ್ ಹಾಡ್ಜಸ್ ಪತಾಕೆ ಜೈಂಟ್ಸರದೆಂಬ ಒಂದೇ ವಾಕ್ಯವನ್ನು ನಾಲ್ಕು ಸಲ ಕಿರುಚಿದ. ಅದೇ ಅಂಗಳದ ಇನ್ನೊಂದು ಗೂಡಿನಲ್ಲಿದ್ದ ಬಾರ್ಬರ್ ನಡೆದದ್ದನ್ನು ಚುಟುಕಾಗಿ ಹೇಳಿ, ಸುಮಾರು ಒಂದು ನಿಮಿಷ ಸುಮ್ಮನಿದ್ದು ಜನರ ಕೂಗನ್ನೇ ಕೇಳಿಸಿದ. ಹಾಡ್ಜಸನ ಕಿರುಚಾಟ ವೃತ್ತಿಗೆ ತಕ್ಕುದಲ್ಲವೆಂದು ಬಾರ್ಬರನ ಆಕ್ಷೇಪಣೆ. ಪಾಠ ಹೇಳುವವನಾದ ನನ್ನ ಬುದ್ಧಿ ಬಾರ್ಬರನ ಕಡೆಗಿದೆ. ಆದರೆ ಕಿವಿ ಹಾಡ್ಜಸನನ್ನೇ ಮತ್ತೆ ಮತ್ತೆ ಬೇಡುತ್ತದೆ.

ಆ ಧ್ವನಿ ಉಳಿದುಬಂದ ಕತೆಯೂ ಸೊಗಸಾಗಿದೆ. ಬ್ರೂಕ್ಲಿನ್ನಿನ ಒಬ್ಬ ಕೇಳುಗ ತನ್ನ ಮನೆಯ ಯಂತ್ರದಲ್ಲಿ ಕೊನೆಯ ಸರದಿಯನ್ನು ಮುದ್ರಿಸಿಕೊಳ್ಳುವಂತೆ ತಾಯಿಗೆ ಹೇಳಿ ಕೆಲಸಕ್ಕೆ ಹೋಗಿದ್ದ. ಆತ ಡಾಡ್ಜರ್ಸರ ಅಭಿಮಾನಿಯೆಂದೂ, ಎದುರು ತಂಡದ ವಿವರಣೆಕಾರ ಅಳುವುದನ್ನು ಕೇಳಿ ಆನಂದಿಸಲು ಮುದ್ರಿಸಿದನೆಂದೂ ಹಾಡ್ಜಸ್ ಹೇಳಿಕೊಂಡು ತಿರುಗಿದ. ವಾಸ್ತವವಾಗಿ ಅವನು ಜೈಂಟ್ಸರ ಅಭಿಮಾನಿಯೇ ಆಗಿದ್ದನೆಂಬುದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಹಾಡ್ಜಸನ ಕತೆಯೇ ಹೆಚ್ಚು ರುಚಿಕರ; ಅದಕ್ಕೇ ಅದು ಅಷ್ಟು ಕಾಲ ಬಾಳಿತು.

2001ರಲ್ಲಿ ಇನ್ನೊಂದು ಸತ್ಯ ಹೊರಬಿತ್ತು. ಆ ವರ್ಷ ಪೋಲೊ ಗ್ರೌಂಡ್ಸಿನಲ್ಲಿ ಜೈಂಟ್ಸರು ದೂರದರ್ಶಕವನ್ನಿಟ್ಟು ಎದುರಾಳಿಗಳ ಕೈಸನ್ನೆಗಳನ್ನು ಕದ್ದು ನೋಡಿ, ವಿದ್ಯುತ್ತಿನ ತಂತಿಯ ಮೂಲಕ ತಮ್ಮವರಿಗೆ ತಿಳಿಸುತ್ತಿದ್ದರಂತೆ. ಆ ಒಂದು ಹೊಡೆತಕ್ಕೆ ತನಗೆ ಸನ್ನೆ ಸಿಕ್ಕಿರಲಿಲ್ಲವೆಂದು ಥಾಮ್ಸನ್ ಹೇಳಿದ. ಬ್ರಾಂಕನಿಗೆ ಈ ಕಳವಿನ ಸುದ್ದಿ 1954ರಲ್ಲೇ ಕಿವಿಗೆ ಬಿದ್ದಿತ್ತು. ಸೋತವನು ಗೋಳಾಡುತ್ತಾನೆಂದು ಜನ ಆಡಿಕೊಂಡಾರೆಂದು ಆತ ಅದನ್ನು ನುಂಗಿಕೊಂಡ. ಐವತ್ತು ವರ್ಷ ಊರಿಡೀ ಅವನ ಸೋಲನ್ನು ಎತ್ತಿ ಹಾಸ್ಯಮಾಡಿತು; ಆ ಬಾಯಿಗಳನ್ನು ಮುಚ್ಚಿಸುವ ಮಾತು ಅವನ ಬಳಿಯೇ ಇತ್ತು, ಆಡಲಿಲ್ಲ. ಥಾಮ್ಸನ್ನನೊಡನೆ ಸ್ನೇಹದಿಂದಲೇ ಸಭೆ ಸಮಾರಂಭಗಳಿಗೂ ಹೋಗುತ್ತಿದ್ದ.

ಅನಂತರದ್ದನ್ನು ಬೇಗ ಹೇಳಬಹುದು. ಬ್ರೂಕ್ಲಿನ್ನಿನವರ ಗಲ್ಲ ಸವರುವಂತೆ ಚೆಂಡೆಸೆದು 'ಕ್ಷೌರಿಕ'ನೆಂಬ ಅಡ್ಡಹೆಸರು ಪಡೆದಿದ್ದ ಜೈಂಟ್ಸರ ಸ್ಯಾಲ್ ಮ್ಯಾಗ್ಲಿ 1956ರಲ್ಲಿ, ನಡುವೆ ಇನ್ನೊಂದು ಊರನ್ನು ಸುತ್ತಿ, ಬ್ರೂಕ್ಲಿನ್ನಿಗೇ ಬಂದ. ಅವನನ್ನು ಶಪಿಸುತ್ತಿದ್ದ ಜನವೇ ಚಪ್ಪಾಳೆ ತಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ರಾಬಿನ್‌ಸನ್ನನನ್ನು ಜೈಂಟ್ಸರಿಗೆ ಮಾರಿದರು. ಆತ ಹೋಗಲಿಲ್ಲ, ಆಟವನ್ನೇ ಬಿಟ್ಟ. ಜೈಂಟ್ಸರ ಅಂಗಿ ತೊಡಲಾರದೆ ಬಿಟ್ಟನೆಂದು ಅಭಿಮಾನಿಗಳ ನಂಬಿಕೆ. ನಿವೃತ್ತಿಯ ತೀರ್ಮಾನವನ್ನು ಆತ ಮೊದಲೇ ಮಾಡಿಕೊಂಡಿದ್ದ. 1957ರಲ್ಲಿ ಎರಡು ತಂಡಗಳೂ ಒಟ್ಟಿಗೆ ಊರು ಬಿಟ್ಟು ಪಶ್ಚಿಮ ತೀರಕ್ಕೆ ಹೊರಟವು: ಜೈಂಟ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ, ಡಾಡ್ಜರ್ಸ್ ಲಾಸ್ ಏಂಜಲೀಸಿಗೆ. ಹಗೆಯಿಲ್ಲದೆ ಒಬ್ಬರೇ ಹೋದರೆ ಟಿಕೆಟು ಮಾರಾಟವಾಗದೆಂಬುದು ಒಡೆಯರಿಗೆ ಗೊತ್ತಿತ್ತು. ಎಬೆಟ್ಸ್ ಫೀಲ್ಡಿನ ಕೊನೆಯ ಪಂದ್ಯಕ್ಕೆ ಬಂದವರು 6,702 ಮಂದಿ. ಆ ಅಂಗಳವನ್ನು 1960ರಲ್ಲಿ ಕೆಡವಿದ ಕಬ್ಬಿಣದ ಗುಂಡನ್ನೇ 1964ರಲ್ಲಿ ಪೋಲೊ ಗ್ರೌಂಡ್ಸಿಗೂ ಬೀಸಿದರು. ಎರಡೂ ಕಡೆ ಈಗ ವಸತಿ ಕಟ್ಟಡಗಳಿವೆ.

ಬ್ರೂಕ್ಲಿನ್ನಿನಿಂದ ತಂಡದೊಡನೆ ಹೋದವರಲ್ಲಿ ವಿನ್ ಸ್ಕಲಿ ಎಂಬ ತರುಣನೊಬ್ಬನಿದ್ದ. 1950ರಲ್ಲಿ ಬಾರ್ಬರನ ಕೈಕೆಳಗೆ ಸೇರಿ ಕೆಲಸ ಕಲಿತವನು. 67 ವರ್ಷ ಡಾಡ್ಜರ್ಸರ ಧ್ವನಿಯಾಗಿದ್ದು 2022ರಲ್ಲಿ ತೀರಿಕೊಂಡ. ಅವನ ಬಾಲ್ಯ ಮಾತ್ರ ಎದುರು ಪಾಳೆಯದಲ್ಲಿ ಕಳೆದದ್ದು. 1936ರ ಅಕ್ಟೋಬರ್ 2ರಂದು ಶಾಲೆಯಿಂದ ಮನೆಗೆ ಬರುತ್ತಿದ್ದ ಎಂಟು ವರ್ಷದ ಹುಡುಗ ಒಂದು ಲಾಂಡ್ರಿಯ ಕಿಟಕಿಯಲ್ಲಿ ಬರೆದಿದ್ದ ಸ್ಕೋರು ನೋಡಿದ: ಜೈಂಟ್ಸರು ಯಾಂಕೀಸರೆದುರು 18–4ರಿಂದ ಸೋತಿದ್ದರು. ಅಯ್ಯೋ ಪಾಪ ಎನ್ನಿಸಿ ಆ ಗಳಿಗೆಯಿಂದ ಜೈಂಟ್ಸರ ಅಭಿಮಾನಿಯಾದ. ಸರಿಯಾಗಿ ಎಂಬತ್ತು ವರ್ಷಗಳ ಮೇಲೆ, 2016ರ ಅಕ್ಟೋಬರ್ 2ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಜೈಂಟ್ಸರ ಅಂಗಳದಲ್ಲೇ ಸ್ಕಲಿಯ ಕೊನೆಯ ವಿವರಣೆ ನಡೆಯಿತು. ಅವನ ಗೂಡಿಗೆ ಹತ್ತಿ ಬಂದವರಲ್ಲಿ 85 ವರ್ಷದ ವಿಲ್ಲಿ ಮೇಸ್ ಇದ್ದ. 1951ರ ಆ ಮಧ್ಯಾಹ್ನ ಥಾಮ್ಸನ್ನನ ನಂತರ ಬ್ಯಾಟು ಹಿಡಿಯಲು ಕಾದು ನಿಂತಿದ್ದ ಜೈಂಟ್ಸರ ಹುಡುಗ ಅವನೇ. ಅಂದಿನ ಪಂದ್ಯವನ್ನು ಜೈಂಟ್ಸರು 7–1ರಿಂದ ಗೆದ್ದರು.