ಕೈಯಿಂದ ಕೈಗೆ ಬಂದ ಹಾಡುಗಳು

ಕನ್ನಡ ದಲಿತ ಸಾಹಿತ್ಯದ ಚರಿತ್ರೆ ಬರೆಯುವವರು 1975ಕ್ಕೆ ಬಂದು ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಾರೆ. ಆ ವರ್ಷ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಅದಕ್ಕೆ ಹಿಂದೆ 1973ರ ಬೂಸಾ ಪ್ರಕರಣ, ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ, ಹೀಗೆ ಒಂದು ಸಾಲು ಸಿದ್ಧವಾಗಿದೆ. ಈ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಮುದ್ದೇನಹಳ್ಳಿಯ ಮಗ್ಗುಲಿಗಿದ್ದ ನಮ್ಮ ಕೇರಿಯಲ್ಲಿ ಆ ಪುಸ್ತಕವನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಅದರೊಳಗಿನ ಹಾಡುಗಳು ಮಾತ್ರ ಓದು ಬರದ ನಮ್ಮವ್ವನಿಗೂ ಬರುತ್ತಿದ್ದವು. ಪುಸ್ತಕ ಬಾರದ ಜಾಗಕ್ಕೆ ಹಾಡು ಹೇಗೆ ಬಂತು? ಯಾರು ಹೊತ್ತು ತಂದರು? ನಮ್ಮ ವಿಮರ್ಶೆ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಲ್ಲ. ಕವಿ ಯಾರು, ಪ್ರತಿಮೆ ಏನು, ನವ್ಯದಿಂದ ಎಷ್ಟು ದೂರ ಬಂದ ಎಂಬಲ್ಲಿಗೇ ಅದರ ತಕ್ಕಡಿ ನಿಂತುಬಿಡುತ್ತದೆ.

ನಮ್ಮ ಕಡೆಯ ಚರಿತ್ರೆಗೆ ಇನ್ನೊಂದು ತೊಡಕೂ ಇದೆ. ಮುದ್ದೇನಹಳ್ಳಿ ಎಂದ ಕೂಡಲೇ ಎದುರಿಗಿರುವವರು 'ಓ, ವಿಶ್ವೇಶ್ವರಯ್ಯನವರ ಊರಾ' ಅನ್ನುತ್ತಾರೆ. ಹೌದು, ಅವರ ಊರೇ. ದೊಡ್ಡ ಇಂಜಿನಿಯರು, ದೊಡ್ಡ ದಿವಾನರು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಮಾತು ಬಂದಾಗ ಅರ್ಹತೆಯ ಪ್ರಶ್ನೆ ಎತ್ತಿ, ಮಹಾರಾಜರೊಂದಿಗೆ ಒಮ್ಮತವಾಗದೆ 1918ರಲ್ಲಿ ಪದವಿ ಬಿಟ್ಟವರೂ ಅವರೇ. ಶಾಲೆಯಲ್ಲಿ ನಮಗೆ ಮೊದಲನೆಯದನ್ನು ಕಲಿಸಿದರು, ಎರಡನೆಯದನ್ನು ನಾವಾಗಿ ಕಲಿತುಕೊಂಡೆವು. ಒಂದು ಊರಿಗೆ ಒಂದು ಹೆಸರು ಅಂಟಿಕೊಂಡರೆ ಆ ಊರಿನ ಉಳಿದ ಸದ್ದೆಲ್ಲ ಅದರಡಿ ಮುಚ್ಚಿಹೋಗುತ್ತದೆ. ನಾನು ಹೇಳಹೊರಟಿರುವುದು ಹಾಗೆ ಮುಚ್ಚಿಹೋದ ಸದ್ದಿನ ಬಗ್ಗೆ.

ನಮ್ಮಣ್ಣ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಹೋಗುತ್ತಿದ್ದ. ಕುದಿನೀರಿನಲ್ಲಿ ಬಿದ್ದ ಗೂಡುಗಳಿಂದ ಎಳೆ ಹಿಡಿದೂ ಹಿಡಿದೂ ಅವನ ಬೆರಳ ತುದಿಗಳು ಹಿತುಕಿದವರೆಯ ಹಾಗೆ ಬೆಳ್ಳಗೆ ಸುಲಿದಿರುತ್ತಿದ್ದವು. ಶೆಡ್ಡಿನಲ್ಲೊಂದು ಟೇಪ್‌ರೆಕಾರ್ಡರ್ ಇತ್ತು. ಯಜಮಾನ ಇರುವಷ್ಟು ಹೊತ್ತು ಅದರಲ್ಲಿ ರಾಜ್‌ಕುಮಾರ್, ಎನ್‌ಟಿಆರ್ ಹಾಡು. ಅವನು ಮನೆಗೆ ಹೋದ ಮೇಲೆ ಇನ್ನೊಂದು ಕ್ಯಾಸೆಟ್. ಮೇಲೆ ಹೆಸರಿಲ್ಲ, ಕಂಪನಿಯಿಲ್ಲ, ಚಿತ್ರವಿಲ್ಲ. ಯಾವುದೋ ಸಭೆಯಲ್ಲಿ ಯಾರೋ ಮೈಕಿನೆದುರು ಹಿಡಿದು ತುಂಬಿಕೊಂಡದ್ದು, ಅದರ ನಕಲು, ಆ ನಕಲಿನ ನಕಲು. ಒಂದು ಹಾಡಿನ ನಡುವೆ, ಎರಡನೇ ನುಡಿ ಮುಗಿದು ಮೂರನೆಯದು ಶುರುವಾಗುವ ಮುಂಚೆ, ಯಾರೋ ಗಟ್ಟಿಯಾಗಿ ಕೆಮ್ಮುತ್ತಾರೆ. ಹಾಡುಗಾರ ಅಲ್ಲಿ ಅರೆಗಳಿಗೆ ನಿಂತು ಮುಂದುವರಿಸುತ್ತಾನೆ. ಆ ಹಾಡನ್ನು ಆ ಕ್ಯಾಸೆಟ್ಟಿನಿಂದಲೇ ಕಲಿತ ನಾವೆಲ್ಲ ಕೆಮ್ಮು ಬರುವ ಜಾಗದಲ್ಲಿ ನಿಲ್ಲಿಸಿಯೇ ಹಾಡುತ್ತಿದ್ದೆವು. ಅದೂ ಹಾಡಿನ ಭಾಗವೆಂದೇ ತಿಳಿದಿದ್ದೆವು.

ಅಣ್ಣನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ಕೂ ಇತ್ತು. ಅದರಲ್ಲಿ ಒಂದು ಹಾಡಿನ ಕೆಳಗೂ ಕವಿಯ ಹೆಸರಿಲ್ಲ. ಅದರ ಬದಲು 'ಚಿಂತಾಮಣಿ ಸಭೆ', 'ಬಾಗೇಪಲ್ಲಿ ಬಸ್ಸಲ್ಲಿ ಒಬ್ಬರು ಹೇಳಿಕೊಟ್ಟರು', 'ದೊಡ್ಡಮ್ಮನ ಮಗ, ಗೌರಿಬಿದನೂರು' ಅಂತ ಬರೆದಿದ್ದ. ಯಾರು ಬರೆದದ್ದು ಅನ್ನುವುದು ಅವನಿಗೆ ಬೇಕಿರಲಿಲ್ಲ. ಯಾರ ಕೈಯಿಂದ ಬಂತು ಅನ್ನುವುದು ಬೇಕಿತ್ತು. ನಾಗಸಂದ್ರದ ಭೂಹೋರಾಟದ ಮಾತು, ಮಾಲೂರು ಕಡೆಯ ಹುಣಸಿಕೋಟೆ ಕೊಲೆಯ ಮಾತು ನಮ್ಮ ಕೇರಿಗೆ ಪತ್ರಿಕೆಯಿಂದ ಬರಲಿಲ್ಲ, ಇಂಥ ನೋಟ್‌ಬುಕ್ಕುಗಳಿಂದಲೇ ಬಂತು.

ಆ ನೋಟ್‌ಬುಕ್ಕಿನಲ್ಲಿ ಅರ್ಧ ಹಾಡುಗಳು ತೆಲುಗಿನವು, ಕನ್ನಡ ಲಿಪಿಯಲ್ಲಿ ಬರೆದವು. ಗಡಿಸೀಮೆಯವರಿಗೆ ಇದು ವಿಶೇಷವಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ. ಕೈವಾರದ ನಾರಾಯಣಪ್ಪನವರೇ ಎರಡು ನುಡಿಯಲ್ಲೂ ತತ್ವ ಹಾಡಿದ ಸೀಮೆ ಇದು. ಹಾಗಾಗಿ ಗದ್ದರ್ ನಮಗೆ ಹೊರಗಿನವನು ಅನ್ನಿಸಲೇ ಇಲ್ಲ. ಹೆಗಲ ಮೇಲೆ ಕಂಬಳಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕೋಲು. 1985ರಿಂದ 1990ರವರೆಗೆ ಆತ ಭೂಗತನಾಗಿದ್ದ. ಆ ಐದು ವರ್ಷ ಮನುಷ್ಯ ಎಲ್ಲಿದ್ದಾನೆಂದು ಪೊಲೀಸರಿಗೆ ಗೊತ್ತಿರಲಿಲ್ಲ, ದನಿ ಮಾತ್ರ ಶಿಡ್ಲಘಟ್ಟದ ಶೆಡ್ಡಿನಲ್ಲಿತ್ತು. ಕ್ಯಾಸೆಟ್ ಸಿಕ್ಕಿಬಿದ್ದರೆ ಏನು ಗತಿ ಎಂಬ ಅಳುಕು ನಮ್ಮಣ್ಣನಿಗೂ ಇತ್ತು. ರಾಗಿ ಡಬ್ಬದಲ್ಲಿ ಹೂತಿಡುತ್ತಿದ್ದ.

'ಅಂಡರ್‌ಗ್ರೌಂಡ್' ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ ಎಂದು ನನಗೆ ತಿಳಿದದ್ದು ತೊಂಬತ್ತರ ದಶಕದಲ್ಲಿ, ಬೆಂಗಳೂರಿನ ಹಾಸ್ಟೆಲಿನಲ್ಲಿ. ನನ್ನ ರೂಮಿನವನು ಕೆ.ಜಿ.ಎಫ್. ಹುಡುಗ, ತಮಿಳಿನವನು, ನಮ್ಮವನೇ. ಅವನ ಹತ್ತಿರ ಇಂಗ್ಲಿಷ್ ಕ್ಯಾಸೆಟ್ಟುಗಳ ಒಂದು ಬೂಟಿನ ಡಬ್ಬವಿತ್ತು. 'ಇದು ಅಂಡರ್‌ಗ್ರೌಂಡ್ ಮ್ಯೂಸಿಕ್, ಪಂಕ್ ಅಂತಾರೆ, ಎಲ್ಲಾರ್ಗೂ ಗೊತ್ತಿರಲ್ಲ' ಅಂದ. ಗದ್ದರ್ ಥರ ಅಡಗಿಕೊಂಡಿದಾರಾ ಅಂತ ಕೇಳಿದೆ. ನಕ್ಕುಬಿಟ್ಟ. 'ಅವರ್ಯಾರೂ ಅಡಗ್ಕೊಂಡಿಲ್ಲ ಮಾರಾಯ. ನಿಜವಾದ ಅಂಡರ್‌ಗ್ರೌಂಡ್ ಅಂದ್ರೆ ನಮ್ಮಪ್ಪ ಇಳಿಯೋದು' ಅಂದ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 2001ರಲ್ಲಿ ಗಣಿಗಳು ಮುಚ್ಚುವವರೆಗೂ ಅದರೊಳಗೆ ಇಳಿದವರಲ್ಲಿ ಬಹುಪಾಲು ನಮ್ಮ ಜನವೇ.

ಅಲ್ಲಿಂದ ನಮಗೊಂದು ಆಟವಾಯಿತು. ರಾತ್ರಿ ಊಟವಾದ ಮೇಲೆ ಅವನದೊಂದು ಹಾಡು, ನನ್ನದೊಂದು ಹಾಡು. ಬೇರೆ ಯಾರ ಹತ್ತಿರವೂ ಇರಬಾರದು, ಅದೇ ಪಂಥ. ಅವನು ಮೊದಲು ಹಾಕಿದ್ದು ಬ್ಯಾಡ್ ಬ್ರೇನ್ಸ್ ಅನ್ನುವವರದು. ವಾಷಿಂಗ್ಟನ್ನಿನ ಕಪ್ಪು ಹುಡುಗರು ನಾಲ್ವರು. ಅವರ ಮೊದಲ ಆಲ್ಬಂ 1982ರಲ್ಲಿ ಬಂದಾಗ ತಟ್ಟೆಯಾಗಿ ಬರಲೇ ಇಲ್ಲ, ಬರೀ ಕ್ಯಾಸೆಟ್ಟಾಗಿ ಬಂತು. ಒಂದೊಂದು ಹಾಡು ಒಂದೂವರೆ, ಎರಡು ನಿಮಿಷ. ಇಂಗ್ಲಿಷು ಒಂದಕ್ಷರವೂ ತಿಳಿಯಲಿಲ್ಲ. ಆದರೆ ಡ್ರಮ್ಮಿನ ಓಟ ಕೇಳುತ್ತಲೇ ನನ್ನ ಕೈ ತೊಡೆಯ ಮೇಲೆ ತಾನಾಗಿ ಬಡಿಯತೊಡಗಿತು. ಮಾರಮ್ಮನ ಜಾತ್ರೆಯಲ್ಲಿ ತಮಟೆ ಕಡೆಯ ಸುತ್ತಿಗೆ ಬಂದಾಗ ಹಿಡಿಯುವ ಓಟ ಅದು. ನಾನು ಅವನಿಗೆ ಕೆಮ್ಮಿನ ಹಾಡು ಕೇಳಿಸಿದೆ. ಕೆಮ್ಮು ಬಂದಾಗ 'ಇದೇ ಪಂಕು' ಅಂದುಬಿಟ್ಟ.

ಅವನಿಂದಲೇ ತಿಳಿದ ಸಂಗತಿಗಳು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಎಂಬ ತಂಡ ಕಂಪನಿಗಳನ್ನು ಕಾಯದೆ, 500 ಪೌಂಡು ಸಾಲ ಎತ್ತಿ, ನಾಲ್ಕು ಹಾಡಿನ ತಟ್ಟೆಯ 1000 ಪ್ರತಿ ತಾನೇ ಮಾಡಿಸಿತು. ಗಿಟಾರಿನಲ್ಲಿ ಮೂರು ಕಾರ್ಡು ಬಂದರೆ ಹಾಡು ಕಟ್ಟಬಹುದು ಎಂಬ ಧೈರ್ಯ ಆ ಹುಡುಗರಿಗೆ ಬಂದದ್ದು ಆ ಕಾಲದಲ್ಲೇ. ಸಭೆಯ ಬಾಗಿಲಲ್ಲಿ ಚಾಪೆಯ ಮೇಲೆ ಹಾಕಿ ಮಾರುತ್ತಿದ್ದ ನಮ್ಮ ಹೋರಾಟದ ಹಾಡಿನ ಪುಸ್ತಕಗಳೂ ಪ್ರಕಾಶಕನನ್ನು ಕಾದವಲ್ಲ. 'ಪಂಕ್' ಎಂಬ ಶಬ್ದವೇ ಒಂದು ಬೈಗುಳವಾಗಿತ್ತು, ಅದನ್ನೇ ಅವರು ಎದೆಗೆ ಸಿಕ್ಕಿಸಿಕೊಂಡರು ಎಂದು ಅವನು ಹೇಳಿದಾಗ ನಾನು ಸುಮ್ಮನಾದೆ. ನಮ್ಮ ಮೊದಲ ಪುಸ್ತಕದ ಹೆಸರೇ 'ಹೊಲೆಮಾದಿಗರ ಹಾಡು' ತಾನೆ.

ಇಲ್ಲಿಗೆ ಎರಡನ್ನೂ ಒಂದೇ ಎಂದು ಕೂಡಿಸಿಬಿಡುವುದು ಸುಲಭ. ನಾನು ಹಾಗೆ ಮಾಡಲಾರೆ. ಅಪರೂಪದ ಹಾಡು ಗೊತ್ತಿದೆ ಎಂಬುದು ನನ್ನ ಗೆಳೆಯನಿಗೆ ಒಂದು ಹೆಮ್ಮೆ. ಹತ್ತು ಜನಕ್ಕೆ ಗೊತ್ತಾದರೆ ಅದರ ರುಚಿ ಅವನಿಗೆ ಕೆಡುತ್ತಿತ್ತು. ನಮ್ಮಣ್ಣನಿಗೆ ಹತ್ತು ಜನಕ್ಕೆ ಗೊತ್ತಾಗುವುದೇ ಬೇಕಿತ್ತು. ನಮ್ಮ ಹಾಡು ಮರೆಯಲ್ಲಿದ್ದುದು ಅಭಿರುಚಿಯ ಮಾತಲ್ಲ. ಆಕಾಶವಾಣಿಯಲ್ಲಿ ಜಾಗವಿರಲಿಲ್ಲ, ಕ್ಯಾಸೆಟ್ ಅಂಗಡಿಯ ಶೋಕೇಸಿನಲ್ಲೂ ಇರಲಿಲ್ಲ. ಮರೆಯಲ್ಲಿ ಇರುವುದನ್ನು ಆರಿಸಿಕೊಂಡವನಿಗೂ ಮರೆಗೆ ತಳ್ಳಿಸಿಕೊಂಡವನಿಗೂ ನಡುವಿನ ಅಂತರವನ್ನು ಮರೆತರೆ ಸಾಂಸ್ಕೃತಿಕ ಹೋಲಿಕೆ ಬರೀ ಷೋಕಿಯಾಗುತ್ತದೆ.

ಆದರೂ ಒಂದು ಹಾಡು ನನ್ನನ್ನು ಬಿಟ್ಟಿಲ್ಲ. ಅಮೆರಿಕದ ಡೆಟ್ರಾಯಿಟಿನಲ್ಲಿ ಹ್ಯಾಕ್ನಿ ಎಂಬ ಮನೆತನದ ಮೂವರು ಕಪ್ಪು ಅಣ್ಣತಮ್ಮಂದಿರು 'ಡೆತ್' ಎಂಬ ತಂಡ ಕಟ್ಟಿ 1975ರಲ್ಲಿ ಏಳು ಹಾಡು ಧ್ವನಿಮುದ್ರಿಸಿದರು. ಪಂಕ್ ಎಂಬ ಹೆಸರಿನ್ನೂ ಚಲಾವಣೆಗೆ ಬರುವ ಮುನ್ನವೇ ಅದೇ ಬಗೆಯ ಹಾಡು. ದೊಡ್ಡ ಕಂಪನಿಯೊಂದು ಒಪ್ಪಿತು, ಆದರೆ ಸಾವು ಎಂಬ ಹೆಸರು ಬದಲಾಯಿಸಿ ಎಂದಿತು. ಹಿರಿಯಣ್ಣ ಡೇವಿಡ್ ಒಪ್ಪಲಿಲ್ಲ. 1976ರಲ್ಲಿ ತಾವೇ 500 ತಟ್ಟೆ ಮಾಡಿಸಿದರು, ಯಾರೂ ಕೇಳಲಿಲ್ಲ. ಡೇವಿಡ್ 2000ದಲ್ಲಿ ತೀರಿಕೊಂಡ. ಹಾಡುಗಳು ಆಲ್ಬಂ ಆಗಿ ಬಂದದ್ದು 2009ರಲ್ಲಿ. ಕೆ.ಜಿ.ಎಫ್. ಗೆಳೆಯ ಅದನ್ನು ನನಗೆ ಸಿ.ಡಿ.ಯಲ್ಲಿ ತುಂಬಿ ಕಳಿಸಿದ್ದ. ಜೊತೆಗೊಂದು ಚೀಟಿ: 'ಹೆಸರು ಬದಲಾಯಿಸು ಅಂದ್ರಂತೆ, ನಿಂಗೆ ಅರ್ಥ ಆಗುತ್ತೆ.' ಅರ್ಥವಾಯಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಅರ್ಥವಾಗುತ್ತದೆ.

ಈಗ ನಮ್ಮೊಳಗಿನ ಜಗಳಕ್ಕೆ ಬರುತ್ತೇನೆ. ನಮ್ಮ ನಾಯ್ನ ತಮಟೆ ಬಡಿಯುವವನು. ಹುಲ್ಲು ಉರಿಗೆ ಚರ್ಮ ಕಾಯಿಸಿ, ಬೆರಳಿನಿಂದ ಒಮ್ಮೆ ಮೀಟಿ, ಕಿವಿ ಹತ್ತಿರ ಹಿಡಿದು ನೋಡುತ್ತಿದ್ದ. ಸಾವಿಗೆ, ಜಾತ್ರೆಗೆ, ಊರಿನ ಸಾರುವುದಕ್ಕೆ ಅವನು ಹೋಗಲೇಬೇಕು, ಅದು ಬಿಟ್ಟಿ ಚಾಕರಿ. ಸಂಘಟನೆಯ ಹುಡುಗರು ಕೇರಿಗೆ ಬಂದು, ಇನ್ನು ಮೇಲೆ ಊರಿನವರು ಕರೆದರೆ ತಮಟೆ ಬಡಿಯಬೇಡಿ ಅಂದರು. ಅದು ಸರಿಯಾದ ಮಾತೇ. ನಾಯ್ನ ತಮಟೆಯನ್ನು ಅಟ್ಟಕ್ಕೆ ಹಾಕಿದ. ಮರುವರ್ಷ ಚಿಕ್ಕಬಳ್ಳಾಪುರದಲ್ಲಿ ಮೆರವಣಿಗೆ. ಅದೇ ಹುಡುಗರು ಬಂದು ತಮಟೆ ಇಳಿಸು ಅಂದರು. 'ಏನ್ರಪ್ಪಾ, ದೇವ್ರ ಮುಂದೆ ಬಡೀಬೇಡ ಅಂದ್ರಿ. ಈಗ ತಾಲ್ಲೂಕಾಫೀಸ್ ಮುಂದೆ ಬಡಿ ಅಂತೀರಿ. ಚರ್ಮ ಒಂದೇ ಅಲ್ವಾ?' ಅಂತ ಕೇಳಿದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಕರೆಯೋರು ಬೇರೆ ನಾಯ್ನ' ಅಂದವನು ನಮ್ಮಣ್ಣ. 'ಬರಲ್ಲ ಅಂದ್ರೆ ಏನ್ ಮಾಡ್ತೀರ?' ಅಂದ ನಾಯ್ನ. 'ಏನೂ ಮಾಡಲ್ಲ.' ಹೋಗಿ ಬಡಿದ.

ಚಳವಳಿ ಅವಮಾನವನ್ನು ಕಿತ್ತೆಸೆಯುವ ಭರದಲ್ಲಿ ಸಾಂಸ್ಕೃತಿಕ ಸ್ಮೃತಿಯನ್ನೂ ಎಸೆಯುತ್ತಿದೆಯೇ ಎಂಬ ಪ್ರಶ್ನೆಯನ್ನು ಡಿ.ಆರ್. ನಾಗರಾಜ್ ಎತ್ತಿದ್ದರು. ದೊಡ್ಡ ಪ್ರಶ್ನೆ. ಆದರೆ ಸ್ಮೃತಿಯ ಮಾತಾಡುವಾಗ ಬಿಟ್ಟಿಯ ನೆನಪನ್ನೂ ಜೊತೆಗಿಟ್ಟುಕೊಳ್ಳಬೇಕು. ನಾಯ್ನನಿಗೆ ತಮಟೆಯ ಮೇಲೆ ಪ್ರೀತಿಯಿತ್ತು, ಅದನ್ನು ಬಡಿಸಿಕೊಂಡವರ ಮೇಲೆ ಇರಲಿಲ್ಲ.

ಹೆಸರಿಲ್ಲದ ಹಾಡನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಹಾಡು ಎಲ್ಲರದು ಎಂದಾಗ ನಷ್ಟವಾಗುವುದು ಯಾರಿಗೆ? ಬರೆದ ಕವಿಯ ಹೆಸರು ಹೇಗೋ ಪುಸ್ತಕದಲ್ಲಿ ಉಳಿಯಿತು. ಸಿದ್ಧಲಿಂಗಯ್ಯ 2021ರಲ್ಲಿ, ಗದ್ದರ್ 2023ರಲ್ಲಿ ತೀರಿಕೊಂಡಾಗ ನಾಡೆಲ್ಲ ಅತ್ತಿತು. ಕೋಲಾರದ ಕೋಟಿಗಾನಹಳ್ಳಿ ರಾಮಯ್ಯನವರ ಹೆಸರು ಹಾಡು ಬಲ್ಲವರಿಗೆ ಗೊತ್ತು. ಆದರೆ ಆ ಹಾಡಿಗೆ ಪೆಟ್ಟು ಕೊಟ್ಟವನ ಹೆಸರು? ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ನಾಡೋಜ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ತಮಟೆಯವನೊಬ್ಬನ ಹೆಸರು ಪತ್ರಿಕೆಯ ಮುಖಪುಟಕ್ಕೆ ಬಂತು. ಅದಕ್ಕೆ ಅಷ್ಟು ಕಾಲ ಬೇಕಾಯಿತು. ಹೆಂಗಸರದು ಇನ್ನೂ ಕಷ್ಟ. ನಮ್ಮ ದೊಡ್ಡಮ್ಮ ನಾಟಿ ಹಾಡಿನ ಧಾಟಿಗೇ ಹೊಸ ಮಾತು ಹಾಕಿದ್ದಳು, ಹೊಲದೊಡೆಯನನ್ನು ಹರಸುವ ಜಾಗದಲ್ಲಿ ಕೂಲಿಯ ಲೆಕ್ಕ ಎಣಿಸುತ್ತಿದ್ದಳು. ಅವಳ ಮಗ ಅದನ್ನು ಗೌರಿಬಿದನೂರಿಗೆ ಒಯ್ದ. ಅಣ್ಣ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಮಗನ ಊರನ್ನು. ದೊಡ್ಡಮ್ಮನನ್ನಲ್ಲ. ಯಾರ ಕೈಯಿಂದ ಬಂತು ಎಂದು ಕೇಳುವ ನಮ್ಮ ಪದ್ಧತಿ ಕೂಡ ಒಂದು ಕೈ ಹಿಂದಕ್ಕೆ ಹೋಗಿ ಕೇಳಲಿಲ್ಲ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸುಟ್ಟ ವಾರದಲ್ಲೇ ನಮ್ಮ ಕಡೆ ಒಂದು ಹಾಡು ಓಡಾಡಿತ್ತು, ಸತ್ತವರ ಹೆಸರುಗಳನ್ನು ಒಂದೊಂದಾಗಿ ಕರೆಯುವ ಹಾಡು. ಆ ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಇಳಿಮುಖವಾಗಿತ್ತು, ಮೊಬೈಲ್ ಇನ್ನೂ ಬಂದಿರಲಿಲ್ಲ. ಯಾರೂ ತುಂಬಿಕೊಳ್ಳಲಿಲ್ಲ. ನನಗೆ ಈಗ ಅದರ ಪಲ್ಲವಿ ಮಾತ್ರ ನೆನಪಿದೆ, ಹೆಸರುಗಳ ಕ್ರಮ ನೆನಪಿಲ್ಲ. ಕೋರ್ಟು ಯಾರೂ ಸುಡಲಿಲ್ಲ ಎಂಬ ಹಾಗೆ ತೀರ್ಪು ಕೊಟ್ಟ ಮೇಲೆ ಆ ಹಾಡಿನ ಬೆಲೆ ಎಷ್ಟೆಂದು ತಿಳಿಯುತ್ತದೆ.

2018ರ ಜನವರಿಯಲ್ಲಿ ಚೆನ್ನೈನಲ್ಲಿ ಪಾ. ರಂಜಿತ್ ಮುಂದೆ ನಿಂತು ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ ಗಾನಾ ಹಾಡು, ಪರೈ, ರಾಕ್ ಗಿಟಾರು ಎಲ್ಲವನ್ನೂ ಒಂದೇ ವೇದಿಕೆಗೆ ತಂದಿತು. ಗೆಳೆಯ ಫೋನ್ ಮಾಡಿ 'ನಮ್ಮ ಹಾಸ್ಟೆಲ್ ರೂಮೇ ಸ್ಟೇಜ್ ಹತ್ತಿದೆ ನೋಡು' ಅಂದ. ಸಂತೋಷವಾಯಿತು. ಅಲ್ಲಿ ಪರೈ ಬಡಿದವರ ಹೆಸರು ಪರದೆಯ ಮೇಲೆ ಬಂತಾ ಅಂತ ಕೇಳಿದೆ. ನೋಡಿ ಹೇಳ್ತೀನಿ ಅಂದ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಅಣ್ಣನ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ, ಟೇಪು ತೆಳ್ಳಗಾಗಿ ಒಂದಕ್ಕೊಂದು ಅಂಟಿದೆ. ನೋಟ್‌ಬುಕ್ ಇದೆ. 'ದೊಡ್ಡಮ್ಮನ ಮಗ, ಗೌರಿಬಿದನೂರು' ಎಂಬ ಸಾಲಿನ ಮೇಲೆ ದೊಡ್ಡಮ್ಮನ ಹೆಸರು ಬರಿ ಅಂದೆ. ಅಣ್ಣ ಕನ್ನಡಕ ಹಾಕಿಕೊಂಡು ಬರೆದ. ಆಮೇಲೆ ಮೊಮ್ಮಗಳು ಮೊಬೈಲ್ ಹಿಡಿದು ಒಂದು ಹಾಡು ಹೇಳು ತಾತ ಅಂದಳು. ಅದೇ ಹಾಡು ಹೇಳಿದ. ಎರಡನೇ ನುಡಿ ಮುಗಿಸಿ ನಿಂತುಬಿಟ್ಟ. ಮರೆತುಹೋಯ್ತಾ ತಾತ ಅಂತ ಅವಳು ಕೇಳಿದಳು. ಇಲ್ಲ ಕಣಮ್ಮ, ಇಲ್ಲಿ ಒಬ್ರು ಕೆಮ್ತಾರೆ, ಅಂದು ಮೂರನೆಯದನ್ನು ಎತ್ತಿಕೊಂಡ.